ನಾಟಕದ ಹಾಲ್‌ಗೆ ಓಪನ್‌ಎಎಲ್ ಸಾಫ್ಟ್: ಇದರ 5.1 ಸರೌಂಡನ್ನು ಎಷ್ಟು ನಂಬಬಹುದು?

ಬಳ್ಳಾರಿಯ ರಾಘವ ಕಲಾಮಂದಿರವಿರಲಿ, ರಾಯಚೂರಿನ ಜಂಬಲದಿನ್ನಿ ರಂಗಮಂದಿರವಿರಲಿ, ಗುಡುಗು, ಖುರಪುಟ, ರೈಲಿನ ಸಿಳ್ಳೆಗಳನ್ನು ಲ್ಯಾಪ್‌ಟಾಪಿನಿಂದ ಬಿಡುವುದು ಈಗ ಮಾಮೂಲು. ಎರಡು ಸ್ಪೀಕರಿನ ಮಟ್ಟಿಗೆ ಇದಕ್ಕೆ ಯಾವ ಪ್ಲೇಯರ್ ಆದರೂ ನಡೆಯುತ್ತೆ. ಗುಡುಗು ಪ್ರೇಕ್ಷಕರ ಬೆನ್ನ ಹಿಂದೆ ಹುಟ್ಟಿ ರಂಗದ ಬಲಗಡೆಗೆ ಉರುಳಬೇಕು, ಅದೂ ನಟ ಕೈ ಎತ್ತಿದ ಕ್ಷಣಕ್ಕೇ ಆಗಬೇಕು ಎಂದು ನಿರ್ದೇಶಕರು ಹಟ ಹಿಡಿದಾಗ ಪ್ಲೇಯರ್ ಸಾಲುವುದಿಲ್ಲ, ಪುಟ್ಟದೊಂದು ಪ್ರೋಗ್ರಾಂ ಬರೆಯಬೇಕಾಗುತ್ತೆ. ಅಂಥ ಕೆಲಸಕ್ಕೆ ಇಂಜಿನಿಯರಿಂಗ್ ಓದುವ ಹುಡುಗರು ಮೊದಲು ಕೈ ಹಾಕುವ ಲೈಬ್ರರಿಗಳಲ್ಲಿ (ನಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುವ ಸಿದ್ಧ ಕೋಡ್) ಓಪನ್‌ಎಎಲ್ ಸಾಫ್ಟ್ ಒಂದು. ಇಲ್ಲಿ ತೂಗಿ ನೋಡುತ್ತಿರುವುದು ಅದರ ಸರೌಂಡ್ ಭಾಗವನ್ನು, ಅದರಲ್ಲೂ ಪ್ರೇಕ್ಷಕರ ಸುತ್ತ ಐದು ಸ್ಪೀಕರ್, ಮಂದ್ರಕ್ಕೊಂದು ಸಬ್‌ವೂಫರ್ ಇರುವ 5.1 ಅನ್ನು ಮಾತ್ರ.

ಓಪನ್‌ಎಎಲ್ ಶುರುವಾದದ್ದು 2000ದಲ್ಲಿ, ವಿಂಡೋಸ್ ಆಟಗಳನ್ನು ಲಿನಕ್ಸ್‌ಗೆ ತರುತ್ತಿದ್ದ ಲೋಕಿ ಕಂಪನಿಯಲ್ಲಿ. ಆಮೇಲೆ ಕ್ರಿಯೇಟಿವ್ ಕಂಪನಿಯ ಕೈಗೆ ಹೋಗಿ ಅವರ ಮುಂದಿನ ಆವೃತ್ತಿಗಳು ಮುಚ್ಚಿದ ಸೋರ್ಸ್ ಆದವು. ಮುಕ್ತವಾಗಿದ್ದ ಹಳೆಯ ಕೋಡ್ ಹಿಡಿದು ಕ್ರಿಸ್ ರಾಬಿನ್ಸನ್ ಬೆಳೆಸಿದ್ದೇ ಓಪನ್‌ಎಎಲ್ ಸಾಫ್ಟ್. ಎಲ್‌ಜಿಪಿಎಲ್ ಪರವಾನಗಿ, ದುಡ್ಡು ಕೊಡಬೇಕಿಲ್ಲ. ಲೈಬ್ರರಿಯನ್ನು ಬೇರೆ ಫೈಲಾಗಿ ಇಟ್ಟುಕೊಂಡರೆ ನಿಮ್ಮ ಪ್ರೋಗ್ರಾಂ ಸೋರ್ಸ್ ಬಿಚ್ಚಿಡಬೇಕೆಂದೂ ಇಲ್ಲ. ಸ್ಟೀರಿಯೋ, ಕ್ವಾಡ್, 5.1, 6.1, 7.1, ತಲೆಯ ಮೇಲೂ ಸ್ಪೀಕರಿರುವ 7.1.4, ಸುತ್ತಲಿನ ಸದ್ದನ್ನು ಸ್ಪೀಕರಿನ ಎಣಿಕೆಗೆ ಕಟ್ಟುಬೀಳದೆ ಹಿಡಿದಿಡುವ ಆಂಬಿಸೋನಿಕ್ಸ್, ಇಷ್ಟಕ್ಕೂ ಔಟ್‌ಪುಟ್ ಕೊಡುತ್ತೆ. ಫೈಲ್ ಓದುವುದು ಮಾತ್ರ ಇದರ ಕೆಲಸವಲ್ಲ. ವೇವ್, ಫ್ಲ್ಯಾಕ್ ಬಗೆಯ ಆಡಿಯೋ ಫೈಲ್ ಬಿಚ್ಚಲು ಲಿಬ್‌ಸಂಡ್‌ಫೈಲ್ ಅಥವಾ ಎಫ್‌ಎಫ್‌ಎಂಪೆಗ್ ಜೊತೆಗೆ ಬೇಕೇ ಬೇಕು.

ಕೋಡಿಗಿಂತ ಮೊದಲು ಕಾರ್ಡ್ ನೋಡಿ. ಅಂಗಡಿಯಲ್ಲಿ ಹೆಬ್ಬೆಟ್ಟಿನಷ್ಟು ಉದ್ದದ ಯುಎಸ್‌ಬಿ ಡಾಂಗಲ್ ಮೇಲೆ "7.1 ಚಾನಲ್" ಎಂದು ಬರೆದಿರುತ್ತಾರೆ. ಅದರಲ್ಲಿರುವುದು ಒಂದು ಹೆಡ್‌ಫೋನ್ ಜಾಕ್, ಒಂದು ಮೈಕ್ ಜಾಕ್. ಆ ಸರೌಂಡ್ ಬರೀ ಹೆಸರಿಗೆ. 5.1ಕ್ಕೆ ಕನಿಷ್ಠ ಮೂರು ಔಟ್‌ಪುಟ್ ಜಾಕ್ ಬೇಕು: ಹಸಿರು ಮುಂದಿನ ಎಡ-ಬಲಕ್ಕೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ಸೆಂಟರ್ ಮತ್ತು ಸಬ್‌ವೂಫರ್‌ಗೆ. ಬೂದು ಬಣ್ಣದ ನಾಲ್ಕನೆಯದು ಇದ್ದರೆ ಅದು 7.1ರ ಪಕ್ಕದ ಸ್ಪೀಕರುಗಳಿಗೆ. ಆಪ್ಟಿಕಲ್ ವೈರಿನಲ್ಲಿ ಆರು ಚಾನಲ್ ಕಳಿಸಬಹುದು ಎಂದುಕೊಂಡವರೂ ಮೋಸ ಹೋಗುತ್ತಾರೆ. ಕಂಪ್ರೆಸ್ ಆಗದ ಆಡಿಯೋ ಅದರಲ್ಲಿ ಎರಡೇ ಚಾನಲ್ ಹೋಗುವುದು, ಉಳಿದದ್ದಕ್ಕೆ ಡಾಲ್ಬಿ ಅಥವಾ ಡಿಟಿಎಸ್ ಆಗಿ ಕಟ್ಟಿ ಕಳಿಸಬೇಕು. ಎಚ್‌ಡಿಎಂಐ ಇರುವ ರಿಸೀವರ್ ಸಿಕ್ಕರೆ ಈ ತಲೆನೋವಿಲ್ಲ.

ಲಿನಕ್ಸ್‌ನಲ್ಲಿ ಮೊದಲು ಸಿಸ್ಟಮ್ಮಿನ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಕಾರ್ಡಿನ ಪ್ರೊಫೈಲನ್ನು ಅನಲಾಗ್ ಸರೌಂಡ್ 5.1ಕ್ಕೆ ಹಾಕಿ. ಅಲ್ಲಿ ಸದ್ದು ನಿಭಾಯಿಸುವ ಪಲ್ಸ್‌ಆಡಿಯೋ ಏನು ಹೇಳುತ್ತೋ ಓಪನ್‌ಎಎಲ್ ಸಾಫ್ಟ್ ಅದನ್ನೇ ನಂಬುತ್ತೆ. ಸಿಸ್ಟಮ್ ಸ್ಟೀರಿಯೋದಲ್ಲಿದ್ದರೆ ಲೈಬ್ರರಿ ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಎರಡು ಚಾನಲ್‌ಗೆ ಇಳಿಸಿಬಿಡುತ್ತೆ. ಅದನ್ನು ಬಿಟ್ಟು ನೇರವಾಗಿ ಆಲ್ಸಾ (ಲಿನಕ್ಸ್‌ನ ಸೌಂಡ್ ಕಾರ್ಡ್ ಡ್ರೈವರ್ ಪದರ) ಬಳಸುವವರು ಈ ಲೈಬ್ರರಿಯ ಆಲ್‌ಸಾಫ್ಟ್ ಕಾನ್ಫಿಗ್ ಫೈಲಿನ ಸಾಮಾನ್ಯ ವಿಭಾಗದಲ್ಲಿ ಚಾನಲ್ಸ್ ಸಾಲಿಗೆ ಸರೌಂಡ್51 ಎಂದು ಬರೆಯಬೇಕು. ಲಾಗ್‌ಲೆವೆಲ್ ಎನ್ವಿರಾನ್‌ಮೆಂಟ್ ವೇರಿಯೇಬಲನ್ನು 3ಕ್ಕೆ ಇಟ್ಟು ಪ್ರೋಗ್ರಾಂ ಓಡಿಸಿದರೆ ಡಿವೈಸ್ ನಿಜವಾಗಿ ಎಷ್ಟು ಚಾನಲ್‌ನಲ್ಲಿ ತೆರೆಯಿತು, ಎಷ್ಟು ಹರ್ಟ್ಜ್, ಸ್ಪೀಕರುಗಳಿಗೆ ಸದ್ದು ಹಂಚುವ ಡಿಕೋಡರ್ ಯಾವುದು, ಎಲ್ಲ ಟರ್ಮಿನಲ್‌ನಲ್ಲಿ ಸುರಿಯುತ್ತೆ. ಈ ಲಾಗ್ ಓದದೆ ಸ್ಪೀಕರ್ ವೈರ್ ಬಿಚ್ಚಿ ಕೂರುವುದು ವ್ಯರ್ಥ. ಹೊಸ ಆವೃತ್ತಿಗಳಲ್ಲಿ ಪ್ರೋಗ್ರಾಮೇ 5.1 ಬೇಕೆಂದು ಕೇಳಬಹುದು, ಸಿಕ್ಕಿದ್ದೇನು ಎಂದು ತಿರುಗಿ ವಿಚಾರಿಸಲೂಬಹುದು. ವಿಚಾರಿಸುವ ಆ ಒಂದು ಸಾಲು ಬರೆದಿಟ್ಟರೆ ನಾಟಕದ ದಿನ ಜೀವ ಉಳಿಯುತ್ತೆ.

ಇನ್ನು ಎಲ್ಲರನ್ನೂ ಕೆಡವುವ ಜಾಗ: ಚಾನಲ್ಲುಗಳ ಸರದಿ. 5.1ರ ಆರು ಚಾನಲ್ ಎಲ್ಲ ಕಡೆ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ವೇವ್ ಮತ್ತು ಫ್ಲ್ಯಾಕ್‌ನಲ್ಲಿ ಮುಂದಿನ ಎಡ, ಮುಂದಿನ ಬಲ, ಸೆಂಟರ್, ಸಬ್, ಹಿಂದಿನ ಎಡ, ಹಿಂದಿನ ಬಲ. ಆಲ್ಸಾ ತನ್ನ ಹಳೆಯ ಪದ್ಧತಿಯಲ್ಲಿ ಮುಂದಿನ ಎರಡು, ಹಿಂದಿನ ಎರಡು, ಕೊನೆಗೆ ಸೆಂಟರ್, ಸಬ್ ಎಂದು ಎಣಿಸುತ್ತೆ. ವೋರ್ಬಿಸ್ ಫೈಲಿನಲ್ಲಿ ಎಡ, ಸೆಂಟರ್, ಬಲ, ಹಿಂದಿನ ಎಡ, ಹಿಂದಿನ ಬಲ, ಸಬ್. ಎಎಸಿ ಫೈಲ್ ಸೆಂಟರಿನಿಂದಲೇ ಶುರು ಮಾಡುತ್ತೆ. ಓಪನ್‌ಎಎಲ್ ಸಾಫ್ಟ್‌ನ 5.1 ಬಫರಿಗೆ (ಸದ್ದಿನ ಸ್ಯಾಂಪಲ್ ತುಂಬುವ ಜಾಗ) ಬೇಕಿರುವುದು ವೇವ್ ಸರದಿ. ಹಾರ್ಡ್‌ವೇರಿನ ಸರದಿಗೆ ತಿರುಗಿಸಿ ಕೊಡುವ ಕೆಲಸ ಅದರದೇ, ಅದನ್ನು ಸರಿಯಾಗಿಯೇ ಮಾಡುತ್ತೆ. ಆದರೆ "ಆಲ್ಸಾಗೆ ಹೀಗೆ ಬೇಕಲ್ಲ" ಎಂದು ಪ್ರೋಗ್ರಾಂ ಬರೆಯುವವರು ಮೊದಲೇ ಸ್ಯಾಂಪಲ್ ತಿರುಗಿಸಿದರೆ ಎರಡು ಸಲ ತಿರುಗಿದಂತಾಗಿ ಸಂಭಾಷಣೆ ಹಿಂದಿನ ಸ್ಪೀಕರಿನಿಂದ ಬರುತ್ತೆ, ಹಿಂದಿನ ಮಳೆ ಸದ್ದು ಸೆಂಟರಿಗೆ ಬಂದು ಕೂರುತ್ತೆ. ಸೌಂಡಿನವರು ಪಾಪ ಮಿಕ್ಸರಿನ ವೈರ್ ಅದಲುಬದಲು ಮಾಡಿ ಸರಿಮಾಡುತ್ತಾರೆ, ಮುಂದಿನ ಸಲ ಬೇರೆ ಪ್ರೋಗ್ರಾಂ ಓಡಿಸಿದಾಗ ಮತ್ತೆ ಎಡವಟ್ಟು.

ಪರೀಕ್ಷೆ ಎರಡು ಹಂತದಲ್ಲಿ ಮಾಡಬೇಕು. ಆಲ್ಸಾದ ಸ್ಪೀಕರ್-ಟೆಸ್ಟ್ ಆಜ್ಞೆಗೆ ಆರು ಚಾನಲ್, ವೇವ್ ಮಾದರಿ ಎಂದು ಕೊಟ್ಟರೆ ಅದು ಒಂದೊಂದೇ ಸ್ಪೀಕರಿನಲ್ಲಿ ಅದರದರ ಹೆಸರು ಕೂಗುತ್ತೆ. ಇಲ್ಲಿ ತಪ್ಪಿದರೆ ದೋಷ ವೈರಿನದು ಅಥವಾ ಕಾರ್ಡಿನದು. ಇದು ಸರಿಯಿದ್ದರೆ ಮುಂದಿನ ಹಂತವಾಗಿ ಒಂದೊಂದು ಚಾನಲ್‌ನಲ್ಲಿ "ಮುಂದೆ ಎಡ", "ಸೆಂಟರ್" ಎಂದು ಯಾರದಾದರೂ ದನಿ ಮುದ್ರಿಸಿದ ಆರು ಚಾನಲ್ ಫೈಲನ್ನು ನಿಮ್ಮ ಪ್ರೋಗ್ರಾಂ ಮೂಲಕವೇ ಬಿಡಿ. ಇಲ್ಲಿ ತಪ್ಪಿದರೆ ಕೋಡಿನದು. ಈ ಫೈಲ್ ಪೆನ್‌ಡ್ರೈವಿನಲ್ಲಿ ಸದಾ ಇರಲಿ.

ಸಬ್‌ವೂಫರ್ ವಿಷಯದಲ್ಲಿ ದೂರು ಜಾಸ್ತಿ: "ಬಾಸೇ ಬರ್ತಿಲ್ಲ ಸಾರ್." ಸಬ್ ಚಾನಲ್ಲಿಗೆ ಹೋಗುವುದು 5.1 ಫೈಲಿನ ಸಬ್ ಚಾನಲ್‌ನಲ್ಲಿ ಏನಿದೆಯೋ ಅದು, ಇಲ್ಲವೆ ಡೆಡಿಕೇಟೆಡ್ ಎಂಬ ಎಫೆಕ್ಟ್ ಮೂಲಕ ನೀವೇ ಕಳಿಸಿದ್ದು. ದಿಕ್ಕು ಕೊಟ್ಟು ಇಟ್ಟ ಗುಡುಗಿನ ಮಂದ್ರ ಭಾಗವನ್ನು ಸೋಸಿ ಸಬ್‌ಗೆ ಕೊಡುವ ಕೆಲಸವನ್ನು ಲೈಬ್ರರಿ ಮಾಡುವುದಿಲ್ಲ. ಹಾಗೆ ಸೋಸುವ ಕ್ರಾಸ್‌ಓವರ್ ಆಂಪ್ಲಿಫೈಯರಿನಲ್ಲೋ ರಿಸೀವರಿನಲ್ಲೋ ಇರಬೇಕು. ಸಿನಿಮಾಕ್ಕೆ ಮಾಡಿದ ಮಿಕ್ಸ್ ಆದರೆ ಸಬ್ ಚಾನಲನ್ನು ಪ್ಲೇಬ್ಯಾಕ್‌ನಲ್ಲಿ 10 ಡೆಸಿಬೆಲ್ ಏರಿಸುತ್ತಾರೆ ಎಂಬ ಲೆಕ್ಕದಲ್ಲೇ ಮುದ್ರಿಸಿರುತ್ತಾರೆ. ಆ ಏರಿಕೆ ಬಿಟ್ಟರೆ ಸಪ್ಪೆ, ಎರಡು ಕಡೆ ಏರಿಸಿದರೆ ಹಾಲಿನ ತಗಡು ಗಡಗಡ.

ದಿಕ್ಕು ಕೊಡುವುದರಲ್ಲಿ ಎಡವಿ ಬೀಳುವ ಮೂರು ಗುಂಡಿಗಳಿವೆ. ಮೋನೋ ಫೈಲಿಗೆ ಮಾತ್ರ ತಾನಾಗಿ ದಿಕ್ಕು ಸಿಗುತ್ತೆ. ಸ್ಟೀರಿಯೋ ಗುಡುಗನ್ನು ಎಲ್ಲಿಟ್ಟರೂ ಅದು ಎದುರಿನ ಎರಡು ಸ್ಪೀಕರಿನಲ್ಲೇ ಇರುತ್ತೆ, "ಸರೌಂಡ್ ಕೆಲಸ ಮಾಡ್ತಿಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ. ಎಫ್‌ಎಫ್‌ಎಂಪೆಗ್‌ನಲ್ಲಿ ಮೊದಲೇ ಮೋನೋ ಮಾಡಿಕೊಳ್ಳಿ. ಎರಡನೆಯದು, ಇಲ್ಲಿ ಜೆಡ್ ಅಕ್ಷದ ಮೈನಸ್ ಎಂದರೆ ಮುಂದೆ, ಪ್ಲಸ್ ಎಂದರೆ ಬೆನ್ನ ಹಿಂದೆ. ಮೂರನೆಯದು ದೂರ. ಮೊದಲಿನಿಂದ ಇರುವ ಸೆಟ್ಟಿಂಗ್‌ನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಅರ್ಧಕ್ಕೆ, ಅಂದರೆ 6 ಡೆಸಿಬೆಲ್ ಕೆಳಗೆ ಇಳಿಯುತ್ತೆ. ಹತ್ತು ಮೀಟರ್ ಆಚೆ ಇಟ್ಟ ಶಂಖನಾದ 20 ಡೆಸಿಬೆಲ್ ಕುಗ್ಗಿ ಯಾರ ಕಿವಿಗೂ ಬೀಳುವುದಿಲ್ಲ. ಆಟಕ್ಕೆ ಇದು ಬೇಕು, ನಾಟಕಕ್ಕೆ ಬೇಕಿರುವುದು ದಿಕ್ಕು ಮಾತ್ರ. ಹಾಗಾಗಿ ದೂರಕ್ಕೆ ತಕ್ಕಂತೆ ಸದ್ದು ಇಳಿಸುವ ರೋಲ್‌ಆಫ್ ಸೊನ್ನೆ ಮಾಡಿ, ಏರಿಳಿತವನ್ನು ಗೇನ್‌ನಲ್ಲಿ (ಸದ್ದಿನ ಮಟ್ಟ) ನೀವೇ ನೋಡಿಕೊಳ್ಳಿ.

ಈ ಲೈಬ್ರರಿಯ ನಿಜವಾದ ಮಿತಿ ಇಲ್ಲೇ ಇದೆ. ಓಪನ್‌ಎಎಲ್‌ನ ಲೋಕದಲ್ಲಿ ಕೇಳುಗ ಒಬ್ಬನೇ. ಒಳಗೆ ಅದು ಆಂಬಿಸೋನಿಕ್ಸ್ ಲೆಕ್ಕದಲ್ಲಿ ಇಡೀ ಸುತ್ತಿನ ಸದ್ದನ್ನು ಕಟ್ಟಿ ನಂತರ ಸ್ಪೀಕರುಗಳಿಗೆ ಬಿಡಿಸಿ ಹಂಚುತ್ತೆ. ಹೀಗೆ ಹಂಚಿದಾಗ ಒಂದು ಸದ್ದಿಗೆ ಹಲವು ಸ್ಪೀಕರುಗಳು ದನಿಗೂಡಿಸುತ್ತವೆ. ನಡುವೆ ಕೂತವರಿಗೆ ಇದು ಅದ್ಭುತ. ಗುಡುಗು ತಲೆಯ ಸುತ್ತ ಜಾರುವುದು ಅಷ್ಟು ನಯವಾಗಿ ಅಗ್ಗದ ಬೇರೆ ದಾರಿಯಲ್ಲಿ ಸಿಗುವುದು ಕಷ್ಟ. ಆದರೆ ಹಿಂದಿನ ಮೂಲೆಯ ಕುರ್ಚಿಗೆ ಹಿಂದಿನ ಸ್ಪೀಕರ್ ಎರಡು ಮೀಟರಿನಲ್ಲಿದೆ, ಮುಂದಿನದು ಹದಿನೈದು ಮೀಟರಿನಲ್ಲಿ. ರಂಗದ ಮೇಲೆ ಇಟ್ಟ ಸದ್ದಿನ ಚೂರೂ ಹಿಂದಿನ ಸ್ಪೀಕರಿನಲ್ಲಿ ಬಂದರೆ ಅವರಿಗೆ ಎಲ್ಲವೂ ಕಿವಿಯ ಪಕ್ಕದಿಂದಲೇ ಬಂದಂತೆ. ಕೋಡ್ ಎಷ್ಟು ತಿದ್ದಿದರೂ ಇದು ಪೂರ್ತಿ ಹೋಗದು.

ಇದಕ್ಕೆ ಇರುವ ಒಳ್ಳೆಯ ಉಪಾಯ ಡೈರೆಕ್ಟ್ ಚಾನಲ್ಸ್ ಎಂಬ ಸವಲತ್ತು. 5.1 ಫೈಲಿನ ಒಂದೊಂದು ಚಾನಲನ್ನೂ ಹಂಚದೆ, ಹೆಸರು ಹೆಸರಿಗೆ ನೇರ ಅದೇ ಸ್ಪೀಕರಿಗೆ ಕಳಿಸುತ್ತೆ. ಮಾತು, ಹಾಡು, ಹಾರ್ಮೋನಿಯಂ ಇವೆಲ್ಲ ಈ ದಾರಿಯಲ್ಲೇ ಹೋಗಲಿ, ಮಾತು ಸೆಂಟರಿನಲ್ಲೇ ಗಟ್ಟಿಯಾಗಿ ನಿಲ್ಲಲಿ. ಸುತ್ತಬೇಕಾದ ಎರಡು-ಮೂರು ಸದ್ದಿಗೆ ಮಾತ್ರ ದಿಕ್ಕು ಕೊಡಿ. ಒಂದು ಎಚ್ಚರ: ಇದೇ ಪ್ರೋಗ್ರಾಮನ್ನು ಮನೆಯಲ್ಲಿ ಸ್ಟೀರಿಯೋ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಸೆಂಟರ್ ಚಾನಲ್ಲಿಗೆ ಜೋಡಿ ಸಿಗದೆ ಮಾತೇ ಮಾಯವಾಗುತ್ತೆ. ಹೊಂದದ ಚಾನಲನ್ನು ಬಿಸಾಡದೆ ಉಳಿದವಕ್ಕೆ ಬೆರೆಸುವ ರೀಮಿಕ್ಸ್ ಆಯ್ಕೆ ಬೇರೆಯೇ ಇದೆ, ಅದನ್ನು ಹಾಕಿಡಿ. ಹೆಡ್‌ಫೋನಿನಲ್ಲಿ ಅಭ್ಯಾಸ ಮಾಡುವವರಿಗೆ ಎರಡು ಕಿವಿಯಲ್ಲೇ ದಿಕ್ಕಿನ ಭಾಸ ಮೂಡಿಸುವ ಎಚ್‌ಆರ್‌ಟಿಎಫ್ ಚೆನ್ನಾಗಿದೆ. ಮುಂದೆ-ಹಿಂದೆ ಒರಟಾಗಿಯಾದರೂ ಗೊತ್ತಾಗುತ್ತೆ, ಸ್ಪೀಕರ್ ಬಾಡಿಗೆ ಉಳಿಯುತ್ತೆ.

ಸ್ಪೀಕರುಗಳು ಸಮ ದೂರದಲ್ಲಿಲ್ಲದ ಹಾಲ್‌ಗೆ ಕಾನ್ಫಿಗ್ ಫೈಲಿನ ಡಿಕೋಡರ್ ವಿಭಾಗದಲ್ಲಿ ದೂರದ ವ್ಯತ್ಯಾಸ ಸರಿದೂಗಿಸುವ ಡಿಸ್ಟೆನ್ಸ್-ಕಾಂಪ್ ಉಂಟು. ಲೈಬ್ರರಿ ಜೊತೆಗೆ ಬರುವ, ಸ್ಪೀಕರುಗಳ ಜಾಗ ಮತ್ತು ಹಂಚಿಕೆಯ ಗುಣಾಂಕಗಳಿರುವ 5.1ರ ಆಂಬ್‌ಡೆಕ್ ಫೈಲನ್ನು ನಕಲು ಮಾಡಿಕೊಂಡು, ಒಂದೊಂದು ಸ್ಪೀಕರಿನ ದೂರವನ್ನು ಮೀಟರಿನಲ್ಲಿ ತುಂಬಿ, ಕಾನ್ಫಿಗ್‌ನಲ್ಲಿ ಅದರ ಜಾಗ ತೋರಿಸಬೇಕು. ದೂರ ಟೇಪ್ ಹಿಡಿದು ಅಳೆದದ್ದಿರಲಿ. ಆ ಫೈಲಿನ ಕೋನಗಳು ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಹೇಳುವ 30 ಮತ್ತು 110 ಡಿಗ್ರಿ ಲೆಕ್ಕದವು. ಬರೀ ಕೋನದ ಅಂಕಿ ಬದಲಿಸಿ ಗುಣಾಂಕದ ಪಟ್ಟಿ ಹಾಗೇ ಬಿಟ್ಟರೆ ಪ್ರಯೋಜನವಿಲ್ಲ, ಆದಷ್ಟು ಸ್ಪೀಕರನ್ನೇ ಆ ಕೋನಕ್ಕೆ ಸರಿಸಿ. ನಡು ಸಾಲಿನಿಂದ ಮುಂದಿನ ಸ್ಪೀಕರ್ 10 ಮೀಟರ್, ಹಿಂದಿನದು 4 ಮೀಟರ್ ಎಂದಿಟ್ಟುಕೊಳ್ಳಿ. 6 ಮೀಟರ್ ವ್ಯತ್ಯಾಸಕ್ಕೆ ಹಿಂದಿನದನ್ನು ಸುಮಾರು 17 ಮಿಲಿಸೆಕೆಂಡ್ ತಡೆದು, 8 ಡೆಸಿಬೆಲ್ ತಗ್ಗಿಸುತ್ತೆ. ಬಳ್ಳಾರಿ ಬೇಸಿಗೆಯ 40 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರಿನಿಂದ 355ಕ್ಕೆ ಏರುತ್ತೆ ನಿಜ, ಆದರೆ ಈ 6 ಮೀಟರಿನಲ್ಲಿ ಅದರ ಪರಿಣಾಮ ಒಂದು ಮಿಲಿಸೆಕೆಂಡ್ ಕೂಡ ಮೀರದು, ತಲೆ ಕೆಡಿಸಿಕೊಳ್ಳಬೇಡಿ. 8 ಡೆಸಿಬೆಲ್ ಲೆಕ್ಕ ಮಾತ್ರ ಬಯಲಿಗೆ ಸರಿ. ಗೋಡೆಗಳು ಸದ್ದು ತಿರುಗಿಸುವ ಹಾಲಿನಲ್ಲಿ ಹಿಂದಿನ ಸ್ಪೀಕರ್ ಬೇಕಾದ್ದಕ್ಕಿಂತ ಮೆತ್ತಗಾಗುತ್ತೆ. ಆಂಪ್ಲಿಫೈಯರಿನಲ್ಲಿ ಕಿವಿಯಿಂದಲೇ ಎರಡು-ಮೂರು ಡೆಸಿಬೆಲ್ ಏರಿಸಬೇಕಾದೀತು.

ಕಾನ್ಫಿಗ್‌ನಲ್ಲಿ ಫ್ರಂಟ್-ಸ್ಟೆಬಿಲೈಸರ್ ಎಂಬುದೂ ಇದೆ, ಎದುರಿನ ಎಡ-ಬಲದಿಂದ ಸೆಂಟರಿನ ದನಿಯನ್ನು ಹೊರತೆಗೆದು ಮುಂದಿನ ಚಿತ್ರವನ್ನು ಗಟ್ಟಿ ಮಾಡುತ್ತೆ. ಅಗಲ ರಂಗಕ್ಕೆ ಹಾಕಿ ನೋಡಿ. ಫೈಲಿನಲ್ಲಿ ಅದರ ಕಾಗುಣಿತದಲ್ಲಿ ಒಂದು ಅಕ್ಷರ ಕಮ್ಮಿ ಇದೆ, ನಿಘಂಟಿನಂತೆ ಬರೆದರೆ ಕೆಲಸ ಮಾಡುವುದಿಲ್ಲ. ಮಾದರಿ ಕಾನ್ಫಿಗ್ ಫೈಲಿನಿಂದ ನಕಲಿಸುವುದೇ ವಾಸಿ. ದಾಖಲೆಯ ಬಹುಪಾಲು ಆ ಮಾದರಿ ಫೈಲಿನ ಟಿಪ್ಪಣಿಗಳಲ್ಲೇ ಹುದುಗಿದೆ, ಹೊಸಬರಿಗೆ ಇದು ದೊಡ್ಡ ಅಡ್ಡಿ.

ಉದ್ದದ ಫೈಲಿನ ಲೆಕ್ಕವೂ ಇರಲಿ. ಆರು ಚಾನಲ್, 48,000 ಹರ್ಟ್ಜ್, 16 ಬಿಟ್ ಎಂದರೆ ಸೆಕೆಂಡಿಗೆ 5,76,000 ಬೈಟ್. ಸಾದಾ ವೇವ್ ಫೈಲಿನ 4 ಜಿಬಿ ಮಿತಿ ಎರಡು ಗಂಟೆ ನಾಲ್ಕು ನಿಮಿಷಕ್ಕೇ ಮುಗಿಯುತ್ತೆ, 24 ಬಿಟ್ ಆದರೆ ಒಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ. ಕಂಪನಿ ನಾಟಕಕ್ಕೆ ಇದು ಎಲ್ಲಿ ಸಾಲುತ್ತೆ? ದೃಶ್ಯವಾರು ತುಂಡು ಮಾಡಿ ಅಥವಾ ಎಂಟು ಚಾನಲ್‌ವರೆಗೆ ಹಿಡಿಯುವ ಫ್ಲ್ಯಾಕ್‌ಗೆ ಹೋಗಿ. ಬಿಡುವಾಗ ತಲಾ 200 ಮಿಲಿಸೆಕೆಂಡಿನ ನಾಲ್ಕು ಬಫರ್ ಸರದಿಯಲ್ಲಿಡಿ. ಲ್ಯಾಪ್‌ಟಾಪ್ ತಡವರಿಸಿ ಸರದಿ ಖಾಲಿಯಾದರೆ ಸೋರ್ಸ್ (ಸದ್ದು ಬಿಡುವ ಮೂಲ) ನಿಂತುಬಿಡುತ್ತೆ, ಮತ್ತೆ ಬಫರ್ ತುಂಬಿದರೂ ತಾನಾಗಿ ಶುರುವಾಗದು. ನಿಂತಿದೆಯೇ ಎಂದು ಪ್ರತಿ ಸುತ್ತಿನಲ್ಲೂ ನೋಡಿ ಪ್ಲೇ ಕೊಡುವ ಸಾಲು ಇರಬೇಕು.

ಕಾರ್ಡಿನಿಂದ ಮಿಕ್ಸರಿಗೆ ಹತ್ತಾರು ಮೀಟರ್ ಸಾದಾ 3.5 ಎಂಎಂ ವೈರ್ ಎಳೆದರೆ ಹಮ್ಮಿಂಗ್ ಖಂಡಿತ. ಚಾರ್ಜರ್ ಕಿತ್ತಾಗ ಹಮ್ ನಿಂತರೆ ಅದು ಅರ್ಥಿಂಗ್ ಸುತ್ತು. ಲ್ಯಾಪ್‌ಟಾಪ್, ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ, ಆಗಲೂ ನಿಲ್ಲದಿದ್ದರೆ ಆರೂ ಲೈನಿಗೆ ಅರ್ಥಿಂಗ್ ಬೇರ್ಪಡಿಸುವ ಡಿಐ ಬಾಕ್ಸ್.

ಸಿದ್ಧ 5.1 ಫೈಲನ್ನು ಬರೀ ಹಾಕಿ ತೆಗೆಯುವುದಾದರೆ ಈ ಲೈಬ್ರರಿ ಬೇಡ, ಎಂಪಿವಿ ಪ್ಲೇಯರ್ ಸಾಕು. ಚಾನಲ್ ಸರದಿಯ ಮೇಲೆ ಪೂರ್ತಿ ಹಿಡಿತ ಬೇಕು, ಒಂದೇ ಫೈಲ್ ಸೇರಿಸಿ ಮುಗಿಸಬೇಕು ಎನ್ನುವ ಸಿ ಪ್ರೋಗ್ರಾಮರಿಗೆ ಮಿನಿಆಡಿಯೋ ಹಗುರ, ವೇವ್, ಫ್ಲ್ಯಾಕ್, ಎಂಪಿ3 ಓದುವುದೂ ಅದರಲ್ಲೇ ಇದೆ. ಆನೆಗೊಂದಿಯ ಕಡೆ ಬಯಲಿನಲ್ಲಿ ಹನ್ನೆರಡು, ಹದಿನಾರು ಸ್ಪೀಕರಿಟ್ಟು ಕಿಷ್ಕಿಂಧೆಯ ಕತೆ ಕಟ್ಟುವ ಆಸೆಯಿದ್ದರೆ ಸದ್ದಿಗೆಂದೇ ಇರುವ ಪ್ರೋಗ್ರಾಮಿಂಗ್ ಭಾಷೆ ಸೂಪರ್‌ಕೊಲೈಡರ್ ಕಲಿಯಿರಿ, ಅಲ್ಲಿ ಸ್ಪೀಕರಿನ ಎಣಿಕೆಗೆ ಇಂಥ ಚೌಕಟ್ಟಿಲ್ಲ. ನೂರು-ನೂರೈವತ್ತು ಕುರ್ಚಿಯ ಕೋಣೆ, ಕಾಲೇಜಿನ ಸೆಮಿನಾರ್ ಹಾಲ್, ಆಟ, ವಿಆರ್ ಪ್ರಾಜೆಕ್ಟ್, ಇಲ್ಲೆಲ್ಲ ಓಪನ್‌ಎಎಲ್ ಸಾಫ್ಟ್ ಕಣ್ಣು ಮುಚ್ಚಿ ತಗೋಬಹುದು. ದೊಡ್ಡ ರಂಗಮಂದಿರಕ್ಕೆ ಡೈರೆಕ್ಟ್ ಚಾನಲ್ಸ್ ಜೊತೆಗಾದರೆ ಮಾತ್ರ. ಅಲ್ಲಿಗೆ ಹೋಗುವಾಗ ಪ್ರತಿ ದೃಶ್ಯದ ಸ್ಟೀರಿಯೋ ಪ್ರತಿಯೂ ಫೋನಿನಲ್ಲಿರಲಿ: ಸೆಂಟರ್ ಮತ್ತು ಹಿಂದಿನ ಎರಡನ್ನು 0.707ರಿಂದ ಗುಣಿಸಿ ಎಡ-ಬಲಕ್ಕೆ ಕೂಡಿಸಿ, ಸಬ್ ಬಿಟ್ಟು, ಕೊನೆಗೆ ಸದ್ದು ಒಡೆಯದಂತೆ ಒಟ್ಟು ಮಟ್ಟ ತಗ್ಗಿಸಿದ ಪ್ರತಿ. ಯುಎಸ್‌ಬಿ ಕಾರ್ಡ್ ಕೈ ಕೊಟ್ಟರೆ ಮಿಕ್ಸರಿಗೆ ಫೋನನ್ನೇ ಚುಚ್ಚಿ ನಾಟಕ ಮುಂದುವರಿಸಬಹುದು.