ಟೆಂಡರ್ ಕಾನೂನು ತರಬೇತಿ: ಎರಡೂವರೆ ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ಕಲಬುರಗಿಯಲ್ಲಿ ರಸ್ತೆ ಕಾಮಗಾರಿ ನೋಡುವ ಒಂದು ಉಪವಿಭಾಗದಲ್ಲಿ ನಾನು ಸಹಾಯಕ ಎಂಜಿನಿಯರ್. ಎರಡೂವರೆ ವರ್ಷದ ಹಿಂದೆ ನಮ್ಮ ಕಚೇರಿಯಿಂದ ಹನ್ನೊಂದು ಜನರನ್ನು ರಸ್ತೆ ಗುತ್ತಿಗೆ ಮತ್ತು ಟೆಂಡರ್ ಕಾನೂನಿನ ತರಬೇತಿಗೆ ಹಾಕಿದ್ದರು. ಆರು ಶನಿವಾರ ಕ್ಲಾಸು, ಒಂದು ದಪ್ಪ ಕೈಪಿಡಿ, ಆಮೇಲೆ ಒಂದು ವರ್ಷ ವಾಟ್ಸಾಪ್‌ನಲ್ಲಿ ಪ್ರಶ್ನೆ ಕೇಳುವ ಅವಕಾಶ. ಮೊದಲ ವರ್ಷದ ಫೀ ಕಚೇರಿಯೇ ಕಟ್ಟಿತು. ಎರಡನೇ ವರ್ಷ ಪ್ರಶ್ನೆ ಕೇಳುವುದು ಮುಂದುವರಿಯಲಿ ಅಂತ ನಾನೇ ಕೈಯಿಂದ 3,500 ರೂಪಾಯಿ ಕೊಟ್ಟೆ. ಇಂಥ ತರಬೇತಿ ಕೊಡುವವರು ಹಲವರಿದ್ದಾರೆ. ಯಾವುದಕ್ಕೇ ಸೇರುವ ಮೊದಲು ಏನು ವಿಚಾರಿಸಬೇಕು ಅನ್ನುವುದಕ್ಕೆ ಇದು ನೆರವಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತೆ, ಮಳೆಗಾಲದಲ್ಲಿ ಉಬ್ಬುತ್ತೆ. ಅದರ ಮೇಲೆ ರಸ್ತೆ ಹೇಗೆ ನಿಲ್ಲಿಸಬೇಕು ಅಂತ ನಮಗೆ ಗೊತ್ತು. ಆದರೆ ಅದೇ ರಸ್ತೆಯ ಕರಾರು ಪತ್ರವನ್ನು ಮೊದಲ ಪುಟದಿಂದ ಕೊನೆವರೆಗೆ ಓದಿದವರು ಎಷ್ಟು ಜನ? ನಾನಂತೂ ಓದಿರಲಿಲ್ಲ. ಐಟಂ ಪಟ್ಟಿ ನೋಡುತ್ತಿದ್ದೆ, ಮುಗಿಸುವ ದಿನಾಂಕ ನೋಡುತ್ತಿದ್ದೆ, ಅಷ್ಟೇ. ಮೊದಲ ಶನಿವಾರವೇ ತರಬೇತುದಾರರು ನಾವು ನಡೆಸುತ್ತಿದ್ದ ಕೆಲಸದ ಕರಾರನ್ನೇ ತರಲು ಹೇಳಿ, ಒಂದೊಂದು ಷರತ್ತನ್ನೂ ಗಟ್ಟಿಯಾಗಿ ಓದಿಸಿದರು. ಇಡೀ ತರಬೇತಿಯಲ್ಲಿ ನನಗೆ ಅತಿ ಜಾಸ್ತಿ ಉಪಯೋಗ ಆದದ್ದು ಆ ಒಂದು ದಿನ.

ಒಂದು ಉದಾಹರಣೆ ಹೇಳುತ್ತೇನೆ. 1872ರ ಕರಾರು ಕಾಯ್ದೆಯಲ್ಲಿ 55ನೇ ಸೆಕ್ಷನ್ ಇದೆ. ಕಾಲಾವಧಿಯೇ ಮುಖ್ಯವಾದ ಕರಾರಿನಲ್ಲಿ ತಡವಾದ ಕೆಲಸವನ್ನು ಸುಮ್ನೆ ಒಪ್ಪಿಕೊಂಡರೆ, ಆಮೇಲೆ ಆ ತಡಕ್ಕೆ ಪರಿಹಾರ ಕೇಳುವಂತಿಲ್ಲ. ಕೇಳುತ್ತೇವೆ ಅಂತ ಒಪ್ಪಿಕೊಳ್ಳುವ ಹೊತ್ತಿಗೇ ನೋಟಿಸ್ ಕೊಟ್ಟಿರಬೇಕು. ನಾವು ಮಾಡುತ್ತಿದ್ದದ್ದು ಏನು? ಅವಧಿ ವಿಸ್ತರಣೆ ಕೊಡುವುದು, ಕೊನೆ ಬಿಲ್ಲಿನಲ್ಲಿ ದಂಡ ಹಿಡಿಯುವುದು, ಗುತ್ತಿಗೆದಾರ ಜಗಳಕ್ಕೆ ಬಂದಾಗ ಕಡತ ಹುಡುಕುವುದು.

ತರಬೇತಿ ಮುಗಿಸಿ ಬಂದ ಮೇಲೆ ನಾನು ಅಡಚಣೆ ರಿಜಿಸ್ಟರ್ ಸರಿಯಾಗಿ ಬರೆಯಲು ಶುರು ಮಾಡಿದೆ. ಆಳಂದ ತಾಲೂಕಿನ ಒಂದು ಹಳ್ಳಿ ರಸ್ತೆಯ ಸಿಡಿ (ನೀರು ದಾಟಿಸುವ ಅಡ್ಡ ಮೋರಿ) ಕೆಲಸ. ಮಳೆ ಬಂದ ದಿನ, ಕರೆಂಟ್ ಕಂಬ ಸರಿಸದೆ ಕೆಲಸ ನಿಂತ ದಿನ, ಯಂತ್ರ ಇಲ್ಲದ ದಿನ, ಎಲ್ಲವೂ ದಿನಾಂಕದ ಜೊತೆ. ಪಕ್ಕದಲ್ಲಿ ನನ್ನ ಸಹಿ, ಗುತ್ತಿಗೆದಾರರ ಸೂಪರ್‌ವೈಸರ್ ಸಹಿ. ಕೊನೆಗೆ ಗುತ್ತಿಗೆದಾರರು 120 ದಿನ ವಿಸ್ತರಣೆ ಕೇಳಿ ಅರ್ಜಿ ಕೊಟ್ಟರು. ಕಾರಣ ಒಂದೇ, ಮಳೆ.

"ಮೇಡಂ, ಮಳಿ ಹಿಡಕೊಂಡ್ರ ನಾ ಏನ್ ಮಾಡ್ಲಿರಿ?" ಅಂದರು.

ನಾನು ರಿಜಿಸ್ಟರ್ ತೆರೆದು ಅವರ ಕಡೆ ತಿರುಗಿಸಿದೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಎಣಿಸಿದರು. ಮಳೆ 19 ದಿನ. ಕಂಬ 34 ದಿನ. ಉಳಿದ 67 ದಿನ ಜೆಸಿಬಿ ಬೇರೆ ಕಡೆಯ ಕೆಲಸಕ್ಕೆ ಹೋಗಿತ್ತು. "ಖರೆ ಅದರಿ" ಅಂತ ಒಪ್ಪಿಕೊಂಡರು. 53 ದಿನಕ್ಕೆ ದಂಡವಿಲ್ಲದ ವಿಸ್ತರಣೆ, 67 ದಿನಕ್ಕೆ ದಂಡದ ನೋಟಿಸ್ ಜೊತೆ ವಿಸ್ತರಣೆ ಅಂತ ಟಿಪ್ಪಣಿ ಇಟ್ಟೆ. ಇಇ (ಕಾರ್ಯಪಾಲಕ ಎಂಜಿನಿಯರ್) ಸಾಹೇಬರು ಒಪ್ಪಿದರು. ಕಂಬದ 34 ದಿನಕ್ಕೆ ಗುತ್ತಿಗೆದಾರರು ಯಾರ ಹತ್ತಿರವೂ ಬೇಡಬೇಕಾಗಲಿಲ್ಲ ಅನ್ನುವುದು ನನಗೆ ಅಷ್ಟೇ ಮುಖ್ಯ. ಅದು ಅವರ ತಪ್ಪಲ್ಲ, ಅಲ್ವಾ?

ಇನ್ನೊಂದು ಒಳ್ಳೆಯ ಪಾಠ ದರಪಟ್ಟಿಯದು. ಮೂರು ಟೆಂಡರ್‌ಗಳ ಐಟಂವಾರು ದರ ಕೊಟ್ಟು, ಯಾರಿಗೆ ಕೊಡುತ್ತೀರಿ ಅಂತ ಕೇಳಿದರು. ಎಲ್ಲರೂ ಒಟ್ಟು ಮೊತ್ತ ನೋಡಿ ಎಲ್-1ಗೆ, ಅಂದರೆ ಅತಿ ಕಡಿಮೆ ಮೊತ್ತ ಹೇಳಿದವನಿಗೆ, ಅಂದೆವು. ಆಮೇಲೆ ಒಳಗೆ ನೋಡಿಸಿದರು. ಆ ಎಲ್-1 ಮಣ್ಣಿನ ಕೆಲಸಕ್ಕೆ ಮಾರುಕಟ್ಟೆಗಿಂತ ತುಂಬಾ ಜಾಸ್ತಿ ದರ ಹಾಕಿದ್ದಾನೆ, ಡಾಂಬರಿಗೆ ತುಂಬಾ ಕಡಿಮೆ. ಮಣ್ಣಿನ ಕೆಲಸ ಮೊದಲು ಬರುವುದರಿಂದ ಮೊದಲ ಎರಡು ಬಿಲ್ಲಿನಲ್ಲೇ ಲಾಭ ಬಂದುಬಿಡುತ್ತೆ. ಡಾಂಬರಿನ ಹೊತ್ತಿಗೆ ಕೈಬಿಟ್ಟು ಹೋದರೆ ಊರಿನವರಿಗೆ ಉಳಿಯುವುದು ಧೂಳು. ಇಂಥ ಕಡೆ ದರ ವಿಶ್ಲೇಷಣೆ ಕೇಳಬೇಕು, ಹೆಚ್ಚಿನ ಭದ್ರತಾ ಠೇವಣಿ ಕೇಳಲು ನಮ್ಮ ಟೆಂಡರ್ ದಾಖಲೆಯಲ್ಲೇ ಅವಕಾಶ ಇದೆ ಅಂತ ಅಂದು ತಿಳಿಯಿತು. ಈಗ ನಾನು ಒಟ್ಟು ಮೊತ್ತವನ್ನು ಕೊನೆಗೆ ನೋಡುತ್ತೇನೆ.

ಟೆಂಡರ್ ತಿರಸ್ಕರಿಸುವಾಗ ಮೊದಲು "ಅರ್ಹರಲ್ಲ" ಅಂತ ಒಂದು ಮಾತು ಬರೆದು ಮುಗಿಸುತ್ತಿದ್ದೆವು. ಅದು ಈಗ ನಿಂತಿದೆ. 1999ರ ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿ, ಟೆಂಡರ್‌ಗಳಲ್ಲಿ ಪಾರದರ್ಶಕತೆಗೆ ಇರುವ ರಾಜ್ಯದ ಕಾಯ್ದೆ) 16ನೇ ಸೆಕ್ಷನ್ ಪ್ರಕಾರ ಟೆಂಡರ್‌ದಾರರು 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹೈಕೋರ್ಟ್ ಪೀಠವೂ 2008ರಿಂದ ನಮ್ಮ ಕಲಬುರಗಿಯಲ್ಲೇ ಇದೆ. ಕೋರ್ಟು ಟೆಂಡರ್ ಯಾರಿಗೆ ಸಿಗಬೇಕು ಅಂತ ತಾನೇ ಆರಿಸಲು ಹೋಗುವುದಿಲ್ಲ, ತೀರ್ಮಾನ ಹೇಗೆ ಆಯಿತು ಅಂತ ನೋಡುತ್ತೆ. 1994ರ ಟಾಟಾ ಸೆಲ್ಯುಲಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಹಾಗಾಗಿ ಯಾವ ಷರತ್ತು, ಯಾವ ದಾಖಲೆ ಇಲ್ಲ, ಎಲ್ಲವನ್ನೂ ಕಡತದಲ್ಲಿ ಬರೆಯುತ್ತೇನೆ.

ಕಚೇರಿಗೆ ಬರುವ ಟಪಾಲು ತೆಗೆದುಕೊಳ್ಳುವ ಆವಕ ವಿಭಾಗದವರಿಗೂ ಒಂದು ದಿನ ಕ್ಲಾಸ್ ಇತ್ತು. ಅದು ತುಂಬಾ ಒಳ್ಳೆಯದಾಯಿತು. ಗುತ್ತಿಗೆದಾರರ ಜೊತೆಗಿನ ವ್ಯಾಜ್ಯದಲ್ಲಿ ಮಧ್ಯಸ್ಥಿಕೆ (ಆರ್ಬಿಟ್ರೇಶನ್) ತೀರ್ಪು ನಮ್ಮ ವಿರುದ್ಧ ಬಂದರೆ ಪ್ರಶ್ನಿಸಲು ಮೂರು ತಿಂಗಳು, ಸರಿಯಾದ ಕಾರಣ ಇದ್ದರೆ ಇನ್ನು 30 ದಿನ. ಅದರ ಮೇಲೆ ಒಂದು ದಿನವೂ ಸಿಗುವುದಿಲ್ಲ. ತೀರ್ಪಿನ ಪ್ರತಿ ಟಪಾಲಿನ ಕಟ್ಟಿನಲ್ಲಿ ಎರಡು ವಾರ ಮಲಗಿದರೆ ಹೋಗುವುದು ಜನರ ದುಡ್ಡು. ಈಗ ನಮ್ಮಲ್ಲಿ ಅಂಥ ಲಕೋಟೆ ಬಂದ ದಿನವೇ ಕೆಂಪು ಶಾಯಿಯಲ್ಲಿ ಕೊನೆ ದಿನಾಂಕ ಬರೆದು ಮೇಜಿಗೆ ಕಳಿಸುತ್ತಾರೆ.

ಕೊರತೆಗಳನ್ನೂ ಹೇಳಲೇಬೇಕು. ಕೈಪಿಡಿ ಪೂರ್ತಿ ಇಂಗ್ಲಿಷ್. ನಾವು ಟಿಪ್ಪಣಿ ಬರೆಯುವುದು ಕನ್ನಡದಲ್ಲಿ, ಒಂದಾದರೂ ಮಾದರಿ ಪತ್ರ ಕನ್ನಡದಲ್ಲಿ ಇರಲಿಲ್ಲ. ಎರಡು ಶನಿವಾರ ಪೂರ್ತಿ ರಾಷ್ಟ್ರೀಯ ಹೆದ್ದಾರಿಯ ಹ್ಯಾಮ್ ಮಾದರಿಗೆ ಹೋಯಿತು. ಕಟ್ಟುವಾಗ ಶೇಕಡಾ 40 ಹಣ ಸರ್ಕಾರದ್ದು, ಉಳಿದದ್ದು ವರ್ಷಗಳ ಕಂತಿನಲ್ಲಿ. ಕೇಳಲು ಚೆನ್ನಾಗಿತ್ತು, ಆದರೆ ನಮ್ಮ ದಿನದ ಕೆಲಸ ಕೆಡಬ್ಲ್ಯೂ-4 ಅನ್ನುವ ರಾಜ್ಯದ ಮಾದರಿ ಟೆಂಡರ್ ದಾಖಲೆಯದು. ಅದಕ್ಕೆ ಸಿಕ್ಕಿದ್ದು ಅರ್ಧ ದಿನ.

ಎಲ್ಲಕ್ಕಿಂತ ಬೇಸರ ಆದದ್ದು ಹಳೆಯ ಮಾಹಿತಿ. ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪರಿಶಿಷ್ಟ ಪಂಗಡಕ್ಕೆ 6.95 ಮೀಸಲು ಅಂತ ಕೈಪಿಡಿ ಹೇಳುತ್ತೆ. ಅದು ಸರಿ. ಆದರೆ ಎಷ್ಟು ಮೊತ್ತದವರೆಗಿನ ಕಾಮಗಾರಿಗೆ ಈ ಮೀಸಲು ಅನ್ನುವ ಮಿತಿ 50 ಲಕ್ಷ ಅಂತಲೇ ಅಚ್ಚಾಗಿತ್ತು. 2023ರ ತಿದ್ದುಪಡಿಯಲ್ಲಿ ಅದು 1 ಕೋಟಿಗೆ ಏರಿತ್ತು. ಹಳೆಯ ಅಂಕಿ ನಂಬಿ ಯಾರಾದರೂ ಟೆಂಡರ್ ಕರೆದಿದ್ದರೆ ಅರ್ಹರಾದ ಗುತ್ತಿಗೆದಾರರ ಅವಕಾಶ ಹೋಗುತ್ತಿತ್ತು. ನಾನು ಹೇಳಿದ ಮೇಲೆ ತಿದ್ದಿದ ಹಾಳೆ ಕಳಿಸಿದರು, ಎರಡು ತಿಂಗಳ ನಂತರ. ವಾಟ್ಸಾಪ್ ಉತ್ತರವೂ ಮೊದಲ ವರ್ಷ ಅದೇ ದಿನ ಬರುತ್ತಿತ್ತು, ಎರಡನೇ ವರ್ಷ ನಾಲ್ಕೈದು ದಿನ ಕಾಯಬೇಕಾಯಿತು. ಮೂರನೇ ವರ್ಷಕ್ಕೆ ನಾನು ದುಡ್ಡು ಕಟ್ಟಲಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಸೇರುವವರು ಮೂರು ವಿಷಯ ಮೊದಲೇ ಕೇಳಿ: ರಾಜ್ಯದ ಟೆಂಡರ್ ದಾಖಲೆಗೆ ಎಷ್ಟು ದಿನ, ಕನ್ನಡದ ಮಾದರಿ ಪತ್ರ ಇವೆಯೇ, ಕೈಪಿಡಿ ಕೊನೆಗೆ ತಿದ್ದಿದ್ದು ಯಾವಾಗ. ಲೆಕ್ಕಪತ್ರ ಶಾಖೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬಿಲ್ ನೋಡುವವರಿಗೂ ಕರಾರು ಗೊತ್ತಿರಬೇಕು. ನಮ್ಮಲ್ಲಿ ಹೊಸದಾಗಿ ಬಂದ ಇಬ್ಬರು ಎಂಜಿನಿಯರ್‌ಗಳ ಹೆಸರನ್ನು ಮುಂದಿನ ಬ್ಯಾಚ್‌ಗೆ ಕೊಟ್ಟಿದ್ದೇನೆ. ಅಲ್ಲಿಯವರೆಗೆ ಓದಲು ನನ್ನ ಕೈಪಿಡಿ ಅವರ ಮೇಜಿನ ಮೇಲಿದೆ, ತಿದ್ದಿದ ಹಾಳೆಯನ್ನು ಅದರೊಳಗೇ ಅಂಟಿಸಿದ್ದೇನೆ.