ಕಾಯುವವರಿಲ್ಲದ ಮನೆಗೆ ಒಂದು ಕೀ: ನಾರ್ವೆಯ ಡಿಎನ್‌ಟಿ ಸದಸ್ಯತ್ವ ನಾಲ್ಕು ವರ್ಷ ಬಳಸಿದ ಮೇಲೆ

ಬೆಂಗಳೂರಿನಿಂದ ಓಸ್ಲೋಗೆ ಬಂದು ಐದು ವರ್ಷ ಆಯಿತು. ಹೊಸದಾಗಿ ಬಂದವರು ಸಿಕ್ಕಾಗಲೆಲ್ಲ ಯಾವ ಜಾಕೆಟ್ ತಗೊಳ್ಳೋದು, ಯಾವ ಬೂಟು ಒಳ್ಳೇದು ಅಂತ ಕೇಳುತ್ತಾರೆ. ನಾನು ಹೇಳುವುದು ಒಂದೇ: ಜಾಕೆಟ್ ಆಮೇಲೆ ನೋಡೋಣ, ಮೊದಲು ಡಿಎನ್‌ಟಿ ಅನ್ನುವ ಇಲ್ಲಿನ ಚಾರಣಿಗರ ಸಂಘದ ಸದಸ್ಯರಾಗಿ, ಅವರ ಕೀ ಇಸ್ಕೊಳ್ಳಿ. ಸ್ವಲ್ಪ ಠೇವಣಿ ಇಟ್ಟರೆ ಒಂದು ಸಾದಾ ಬೀಗದ ಕೈ ಕೊಡುತ್ತಾರೆ. ಅದೊಂದೇ ಕೀ ಈ ದೇಶದ ಉದ್ದಗಲಕ್ಕೂ ಬೆಟ್ಟದ ಮೇಲಿರುವ ನೂರಾರು ಮನೆಗಳ ಬಾಗಿಲು ತೆಗೆಯುತ್ತದೆ. ಹೌದು, ಒಂದೇ ಕೀ. ನನಗೂ ಮೊದಲು ನಂಬಿಕೆ ಬಂದಿರಲಿಲ್ಲ.

ನಾನು ಬಂದದ್ದು ನವೆಂಬರ್‌ನಲ್ಲಿ. ಈ ದೇಶಕ್ಕೆ ಕಾಲಿಡಲು ಅದಕ್ಕಿಂತ ಕೆಟ್ಟ ತಿಂಗಳು ಇಲ್ಲ. ಡಿಸೆಂಬರ್ ಕೊನೆಗೆ ಸೂರ್ಯ ಒಂಬತ್ತೂ ಕಾಲರ ಸುಮಾರಿಗೆ ಎದ್ದು ಮೂರೂ ಕಾಲರ ಹೊತ್ತಿಗೆ ಮಲಗಿಬಿಡುತ್ತಾನೆ, ಆ ಮಧ್ಯದಲ್ಲೂ ಮೋಡ ಇದ್ದರೆ ಇಡೀ ದಿನ ನಮ್ಮೂರ ಆಷಾಢದ ಸಂಜೆಯ ಹಾಗೆಯೇ. ಸೋಮವಾರ ಆಫೀಸಿಗೆ ಹೋದರೆ ಎಲ್ಲರದೂ ಒಂದೇ ಪ್ರಶ್ನೆ, ವಾರಾಂತ್ಯಕ್ಕೆ ಟುರ್ ಹೋಗಿದ್ಯಾ ಅಂತ. ಟುರ್ ಅಂದರೆ ಇವರಿಗೆ ಮನೆ ಹಿಂದಿನ ಕಾಡಿನಲ್ಲಿ ಒಂದು ಗಂಟೆ ಅಡ್ಡಾಡುವುದೂ ಹೌದು, ಬೆನ್ನಿಗೆ ಚೀಲ ಹಾಕಿಕೊಂಡು ವಾರಗಟ್ಟಲೆ ಬೆಟ್ಟ ಸುತ್ತುವುದೂ ಹೌದು. ನಾನು ಮನೆಯಲ್ಲೇ ಇದ್ದೆ, ನಿದ್ದೆ ಮಾಡಿದೆ ಅಂದರೆ ಹುಷಾರಿಲ್ಲವಾ ಅಂತ ವಿಚಾರಿಸುತ್ತಿದ್ದರು. ಮೆಟ್ರೋದಲ್ಲಿ ಸ್ಕೀ ಹಿಡಿದುಕೊಂಡು ನಿಂತ ಅಜ್ಜಿಯರನ್ನು ನೋಡಿದಾಗ, ನನಗೆ ನಿಜಕ್ಕೂ ಏನೋ ಕಾಯಿಲೆ ಇರಬೇಕು ಅಂತ ನನಗೇ ಅನ್ನಿಸಲು ಶುರುವಾಯಿತು.

ವಿಷಯಕ್ಕೆ ಬರುತ್ತೇನೆ. ಡಿಎನ್‌ಟಿ ಅಂದರೆ ಡೆನ್ ನಾರ್ಷ್ಕೆ ಟುರಿಸ್ಟ್‌ಫೊರೇನಿಂಗ್. 1868ರಲ್ಲಿ ಶುರುವಾದ ಸಂಘ. ಸರ್ಕಾರದ್ದಲ್ಲ, ಕಂಪನಿಯೂ ಅಲ್ಲ. 3 ಲಕ್ಷಕ್ಕಿಂತ ಜಾಸ್ತಿ ಸದಸ್ಯರಿದ್ದಾರೆ. ದೇಶದ ಒಟ್ಟು ಜನಸಂಖ್ಯೆ 55 ಲಕ್ಷದ ಆಸುಪಾಸು ಅನ್ನುವುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆ ನೋಡಿ. ಸುಮಾರು 550 ಹ್ಯುಟ್ಟೆಗಳು, ಅಂದರೆ ಮರದ ಬೆಟ್ಟದಮನೆಗಳು, ಇವರ ಜಾಲದಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಬಂಡೆ, ಕಲ್ಲುಗುಪ್ಪೆಗಳ ಮೇಲೆ ಕೆಂಪು ಬಣ್ಣದಲ್ಲಿ ಟಿ ಅಂತ ಬರೆದಿರುತ್ತದೆ. ಮನೆಗಳಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ಸಿಬ್ಬಂದಿ ಇರುತ್ತಾರೆ, ಬಿಸಿ ಊಟ ಹಾಕುತ್ತಾರೆ, ಅದು ಹೆಚ್ಚುಕಡಿಮೆ ಲಾಡ್ಜ್ ಇದ್ದ ಹಾಗೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಸಿಬ್ಬಂದಿ ಇರುವುದಿಲ್ಲ, ಆದರೆ ದಿನಸಿ ತುಂಬಿದ ಉಗ್ರಾಣ ಇರುತ್ತದೆ. ಮೂರನೆಯದರಲ್ಲಿ ಊಟವೂ ಇಲ್ಲ, ಒಲೆ, ಸೌದೆ, ಪಾತ್ರೆ, ಹಾಸಿಗೆ ಅಷ್ಟೇ. ನಾನು ಬರೆಯುತ್ತಿರುವುದು ಮುಖ್ಯವಾಗಿ ಆ ಎರಡನೇ ಬಗೆಯ ಬಗ್ಗೆ, ಸೆಲ್‌ಬೆಟ್ಯೆಂಟ್ ಅನ್ನುತ್ತಾರೆ. ನನ್ನ ಮಟ್ಟಿಗೆ ಈ ಸದಸ್ಯತ್ವದ ಅಸಲಿ ಮಾಲು ಅದೇ.

ಮೊದಲ ಟುರ್ ಮಾತ್ರ ಪೂರ್ತಿ ಎಡವಟ್ಟು. ತಪ್ಪು ನನ್ನದೇ. ಅಂಗಡಿಯವನೊಬ್ಬ ಹೇಳಿದ ಅಂತ ಒಂದು ತಿಂಗಳ ಬಾಡಿಗೆಯ ಅರ್ಧದಷ್ಟು ಸುರಿದು ಜಾಕೆಟ್ ತಗೊಂಡಿದ್ದೆ, ಅದರ ಒಳಗೆ ಹತ್ತಿ ಬನಿಯನ್, ಕೆಳಗೆ ಜೀನ್ಸ್. ಮೇಲಿಂದ ಮಳೆ ಒಳಗೆ ಬರಲಿಲ್ಲ, ನಿಜ, ಆದರೆ ಹತ್ತುವಾಗ ಬೆವೆತು ಬನಿಯನ್ ಒದ್ದೆ, ಹುಲ್ಲು ತಾಗಿ ಜೀನ್ಸ್ ಮೊಣಕಾಲ ತನಕ ಒದ್ದೆ, ನಿಂತರೆ ಸಾಕು ಹಲ್ಲು ಕಟಕಟ. ಎರಡು ಗಂಟೆಯಲ್ಲಿ ವಾಪಸ್. ಹತ್ತಿ ನೀರು ಹೀರಿ ಮೈಗೆ ಅಂಟಿಕೊಳ್ಳುತ್ತದೆ, ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ ಅಂತ ಆಫೀಸಿನವಳು ತಾಳ್ಮೆಯಿಂದ ಹೇಳಿಕೊಟ್ಟಳು. ಕೇಳುತ್ತಾ ನಾಚಿಕೆ ಆಯಿತು. ನಮ್ಮಜ್ಜ ಜಡಿಮಳೆಯಲ್ಲಿ ಗದ್ದೆಗೆ ಹೋಗುತ್ತಿದ್ದದ್ದು ಕಂಬಳಿ ಕೊಪ್ಪೆ ಹಾಕಿಕೊಂಡು. ದಿನವಿಡೀ ನೆನೆದರೂ ಅಜ್ಜ ನಡುಗಿದ್ದು ನಾನು ಕಂಡಿಲ್ಲ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಉಣ್ಣೆಯ ಪಾಠ ಓಸ್ಲೋದಲ್ಲಿ ಆಗಬೇಕಾಯಿತು ನೋಡಿ.

ಸರಿಯಾದ ಮೊದಲ ಅನುಭವ ಅಂದರೆ ಯೂತುನ್‌ಹೈಮೆನ್ ಪರ್ವತಗಳ ನಡುವಿನ ಊಲಾವ್ಸ್‌ಬು. ಓಸ್ಲೋದಿಂದ ಬಸ್ಸಿನಲ್ಲಿ ಯೆಂದೆಸ್‌ಹೈಮ್, ಅಲ್ಲಿಂದ ಯೆಂದೆ ಸರೋವರದ ಮೇಲೆ ದೋಣಿಯಲ್ಲಿ ಆ ತುದಿಯ ಯೆಂದೆಬು. ಆ ನೀರಿನ ಬಣ್ಣ ಹಸಿರು. ಹಿಮನದಿ ಬಂಡೆ ಅರೆದು ತರುವ ಸಣ್ಣ ಪುಡಿ ನೀರಲ್ಲಿ ತೇಲುವುದರಿಂದ ಹಾಗೆ. ಮಾರನೇ ದಿನ ಬೆಳಿಗ್ಗೆ ಅಲ್ಲಿಂದ ನಡಿಗೆ. ನನ್ನ ನಡಿಗೆಗೆ ಏಳು ಗಂಟೆ ಹಿಡಿಯಿತು. ಮರ ಮೊದಲು ಕುಳ್ಳಾದವು, ಆಮೇಲೆ ಇಲ್ಲವಾದವು, ಕೊನೆಗೆ ಬರೀ ಕಲ್ಲು, ಜುಲೈ ತಿಂಗಳಲ್ಲೂ ಅಲ್ಲಲ್ಲಿ ಕೊಳೆ ಹಿಡಿದ ಹಿಮ. 1440 ಮೀಟರ್ ಎತ್ತರದಲ್ಲಿ ಆ ಮನೆ ಕಂಡಾಗ ಓಡಬೇಕು ಅನ್ನಿಸಿತು, ಕಾಲು ಒಪ್ಪಲಿಲ್ಲ.

ಬಾಗಿಲಲ್ಲಿ ಸ್ವಾಗತಿಸುವವರು ಯಾರೂ ಇಲ್ಲ. ಒಳಗೆ ಹೋದರೆ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ. ಹೆಸರು, ಸದಸ್ಯತ್ವದ ಸಂಖ್ಯೆ, ಎಲ್ಲಿಂದ ಬಂದೆ, ಮುಂದೆ ಎಲ್ಲಿಗೆ ಅಂತ ಬರೆಯಬೇಕು. ನಾಳೆ ನಾನು ಕಾಣೆಯಾದರೆ ಹುಡುಕುವವರಿಗೆ ಅದೇ ಮೊದಲ ಸುಳಿವು. ಆಮೇಲೆ ಬಕೆಟ್ ಹಿಡಿದು ನೀರು ತರಬೇಕು. ಸೌದೆ ಒಡೆಯಬೇಕು, ಒಲೆ ಹಚ್ಚಬೇಕು. ಉಗ್ರಾಣದ ಬಾಗಿಲು ತೆಗೆದೆ. ಓಟ್ಸ್, ಪಾಸ್ತಾ, ಒಣ ರೊಟ್ಟಿ, ಸೂಪಿನ ಪೊಟ್ಟಣ, ಡಬ್ಬಿಯ ಹಣ್ಣು, ಕಾಫಿಪುಡಿ, ಸಾಲಾಗಿ ಜೋಡಿಸಿಟ್ಟಿದ್ದಾರೆ, ಪಕ್ಕದಲ್ಲಿ ಬೆಲೆಪಟ್ಟಿ. ಬೇಕಾದ್ದು ತಗೊಂಡು ನಾವೇ ಲೆಕ್ಕ ಬರೆದು, ತಂಗಿದ ರಾತ್ರಿಯ ಬಾಡಿಗೆ ಸೇರಿಸಿ, ನಾವೇ ಪಾವತಿ ಮಾಡಬೇಕು. ಕ್ಯಾಮೆರಾ ಇಲ್ಲ. ಬೆಳಿಗ್ಗೆ ಹೊರಡುವಾಗ ನೆಲ ಒರೆಸಿ, ಒಲೆಯ ಬೂದಿ ತೆಗೆದು, ಮುಂದೆ ಬರುವವರಿಗೆ ಸೌದೆ ಸೀಳಿಟ್ಟು, ನಮ್ಮ ಕಸ ನಾವೇ ಹೊತ್ತು ಇಳಿಯಬೇಕು.

ಮೊದಲ ರಾತ್ರಿ ನನಗೆ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಯಾರಾದರೂ ಬಿಸ್ಕತ್ತು ತಿಂದು ಬರೆಯದೇ ಹೋದರೆ? ಒಲೆ ಪಕ್ಕ ಸಾಕ್ಸ್ ಒಣಗಿಸುತ್ತಿದ್ದ ವಯಸ್ಸಾದ ದಂಪತಿಯನ್ನು ಕೇಳಿಯೂ ಬಿಟ್ಟೆ. ಆ ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಅವರಿಗೆ ಹಸಿವಾಗಿತ್ತು ಅಂತ ಅರ್ಥ ಅಂದರು. ಹಾಗಂತ ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಕುಮಾರಪರ್ವತ ಹತ್ತಿದವರಿಗೆಲ್ಲ ಗಿರಿಗದ್ದೆಯ ಭಟ್ಟರ ಮನೆ ಗೊತ್ತು. ಸುಸ್ತಾಗಿ ಬಂದವನಿಗೆ ಅಲ್ಲಿ ಬಡಿಸಿದ ಬಿಸಿ ಅನ್ನ ಸಾರಿನ ರುಚಿಗೆ ಈ 550 ಮನೆಗಳ ಉಗ್ರಾಣವೆಲ್ಲ ಸೇರಿಸಿದರೂ ಸಾಟಿ ಇಲ್ಲ. ಆದರೆ ಅಲ್ಲಿ ಒಬ್ಬರು ಮನೆಯವರಿದ್ದಾರೆ. ಇಲ್ಲಿ ಬಂದವನೇ ಒಂದು ರಾತ್ರಿಯ ಮಟ್ಟಿಗೆ ಮನೆಯವನು.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮವರಲ್ಲಿ ಸಸ್ಯಾಹಾರಿಗಳು ಜಾಸ್ತಿ ಅಲ್ವಾ. ಉಗ್ರಾಣದ ಡಬ್ಬಿಗಳಲ್ಲಿ ಮಾಂಸ, ಮೀನು ಇರುತ್ತವೆ, ಹೆಸರು ಓದಿ ತೆಗೆಯಿರಿ. ಓಟ್ಸ್, ಪಾಸ್ತಾದಲ್ಲಿ ಎರಡು ದಿನ ದೂಡಬಹುದು, ಮೂರನೇ ದಿನ ನಾಲಿಗೆ ಮುಷ್ಕರ ಹೂಡುತ್ತದೆ. ನಾನು ಮಾಡುವುದು ಹೀಗೆ: ಮನೆಯಲ್ಲೇ ರವೆ ಹುರಿದು, ಒಗ್ಗರಣೆ, ಉಪ್ಪು, ಒಣಮೆಣಸಿನಕಾಯಿ ಎಲ್ಲ ಸೇರಿಸಿ ಒಣ ಮಿಶ್ರಣ ಮಾಡಿ ಪೊಟ್ಟಣ ಕಟ್ಟಿಕೊಂಡು ಹೋಗುತ್ತೇನೆ. ಮೇಲೆ ಕುದಿನೀರು ಹಾಕಿದರೆ ಉಪ್ಪಿಟ್ಟು. ಇಲ್ಲಿನ ಅಂಗಡಿಯಲ್ಲಿ ರವೆ ಸಿಗುತ್ತದೆ, ಸೆಮುಲೆಗ್ರೀನ್ ಅಂತ ಬರೆದಿರುತ್ತದೆ, ಅದು ತೀರಾ ನುಣುಪು, ಜಾಸ್ತಿ ಹುರಿಯಬೇಕು. ಅದಕ್ಕಿಂತ ಒಳ್ಳೆಯದು ಗೊಜ್ಜವಲಕ್ಕಿ. ಹುಣಸೆರಸ, ಬೆಲ್ಲ, ಸಾರಿನಪುಡಿ ಹಾಕಿ ಒಣಗಿಸಿಟ್ಟ ತರಿ ಅವಲಕ್ಕಿಗೆ ಬಿಸಿನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟರೆ ಮುಗಿಯಿತು, ಗ್ಯಾಸೂ ಉಳಿಯುತ್ತದೆ, ತೂಕವೂ ಇಲ್ಲ. ಆ ದಂಪತಿಗೂ ಕೊಟ್ಟೆ. ಇದು ಯಾವ ಗಂಜಿ ಅಂತ ಕೇಳಿದರು. ಗಂಜಿ ಅಲ್ಲ ಅಂತ ವಿವರಿಸುವಷ್ಟು ನಾರ್ವೇಜಿಯನ್ ನನಗೆ ಆಗ ಬರುತ್ತಿರಲಿಲ್ಲ, ಸುಮ್ನೆ ಹೌದು ಅಂದುಬಿಟ್ಟೆ. ಬದಲಿಗೆ ಅವರು ಕಂದು ಚೀಸ್ ಕೊಟ್ಟರು. ನೋಡಲು ಚೀಸ್, ತಿಂದರೆ ಸ್ವಲ್ಪ ಹುಳಿ ಹಿಡಿದ ಪಾಲ್ಕೋವಾ.

ಕಳೆದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು, ಓಸ್ಲೋದ ಫ್ಲಾಟಿನಲ್ಲಿ ಎರಡು ವಾರ ಬಾಲ್ಕನಿಯಲ್ಲಿ ಕೂತು ಟ್ರಾಮ್ ಎಣಿಸಿ ಬೇಸತ್ತಿದ್ದರು. ಓಸ್ಲೋದ ಉತ್ತರಕ್ಕೇ ನೂರ್‌ಮಾರ್ಕಾ ಅಂತ ದೊಡ್ಡ ಕಾಡು, ಮೆಟ್ರೋ ಇಳಿದರೆ ಅಲ್ಲಿಂದಲೇ ದಾರಿ ಶುರು. ಅಪ್ಪನ ಕಾಲಿಗೆ ಆಗುವಷ್ಟು ದೂರದ ಒಂದು ಮನೆ ನೋಡಿ ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟವರೇ ಬೂಟು ಬಿಚ್ಚಿ ನೇರ ಒಲೆಯ ಹತ್ತಿರ ಹೋದರು. ಹೊಗೆ ಹೋಗುವ ದಾರಿ ನೋಡಿದರು, ಕೊಡಲಿ ಹಿಡಿದರು, ನಾನು ಐದು ಏಟು ಹಾಕುವ ದಿಮ್ಮಿಯನ್ನು ಒಂದೇ ಏಟಿಗೆ ಸೀಳಿದರು. ನೀರು ಹೊರಗಿಂದ, ಕಕ್ಕಸು ಅಂಗಳದ ಆಚೆ, ಬೆಳಕಿಗೆ ಮೇಣದಬತ್ತಿ. "ಇದು ನಮ್ಮ ಹಳೇ ಮನೆ ಥರಾನೇ ಇದೆಯಲ್ಲೋ, ಇದಕ್ಕೆ ದುಡ್ಡು ಬೇರೆ ಕೊಡ್ತೀರಾ?" ಅಂತ ಕೇಳಿದರು. ಉತ್ತರ ಏನು ಹೇಳಲಿ. ಆ ಹಳೇ ಮನೆಯ ಸೌದೆ ಒಲೆ ತೆಗೆಸಿ ಗ್ಯಾಸ್ ಹಾಕಿಸಿ ಅಂತ ಹಟ ಮಾಡಿದ್ದವನು ನಾನೇ.

ದಾರಿಗೆ ಬಣ್ಣ ಬಳಿಯುವವರು ಯಾರು, ಮನೆ ರಿಪೇರಿ ಮಾಡುವವರು ಯಾರು ಅಂತ ಅಪ್ಪನಿಗೆ ಕುತೂಹಲ. ಹೆಚ್ಚಿನ ಕೆಲಸ ಸದಸ್ಯರೇ ಸಂಬಳ ಇಲ್ಲದೆ ಮಾಡುತ್ತಾರೆ, ಬೆಟ್ಟದ ಮನೆಗಳಿಗೆ ಸೌದೆ, ದಿನಸಿಯನ್ನು ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಸ್ಕೂಟರಿನಲ್ಲಿ ಸಾಗಿಸುತ್ತಾರೆ, ಹೀಗೆ ಸೇರಿ ಕೆಲಸ ಮಾಡುವುದಕ್ಕೆ ಇಲ್ಲಿ ದೂಗ್ನಾದ್ ಅನ್ನುತ್ತಾರೆ ಅಂತ ಏನೇನೋ ವಿವರಿಸುತ್ತಿದ್ದೆ. "ಮುಯ್ಯಾಳು ಅನ್ನು" ಅಂದರು ಅಪ್ಪ. ಒಂದೇ ಪದದಲ್ಲಿ ಮುಗಿಸಿಬಿಟ್ಟರು. ಪುಸ್ತಕದಲ್ಲಿ ಅವರ ಹೆಸರು, ಊರು ಕನ್ನಡದಲ್ಲೇ ಬರೆದರು. ಮಾರನೇ ದಿನ ಬೀಗ ಹಾಕಿದ ಮೇಲೆ ಮೂರು ಸಲ ಬಾಗಿಲು ಎಳೆದು ನೋಡಿದರು. ಊರಿಗೆ ಹೋದಮೇಲೂ ಫೋನಿನಲ್ಲಿ, ಆ ಮನೆಗೆ ಮತ್ತೆ ಹೋಗಿದ್ಯಾ, ಬಾಗಿಲ ಪಕ್ಕದ ಹಲಗೆ ಸಡಿಲ ಇತ್ತು, ಯಾರಾದರೂ ಮೊಳೆ ಹೊಡೆದರಾ ಅಂತ ಕೇಳುತ್ತಿರುತ್ತಾರೆ.

ಮನೆ ಬೇಡ, ಟೆಂಟೇ ಸಾಕು ಅನ್ನುವವರಿಗೆ ಸದಸ್ಯತ್ವದ ಅಗತ್ಯವೇ ಇಲ್ಲ. 1957ರ ಕಾನೂನಿನ ಪ್ರಕಾರ ಸಾಗುವಳಿ ಇಲ್ಲದ ಜಮೀನು ಯಾರದ್ದೇ ಆಗಿರಲಿ, ಅಲ್ಲಿ ನಡೆಯಬಹುದು, ಜನರಿರುವ ಯಾವುದೇ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿ ಟೆಂಟ್ ಹಾಕಬಹುದು. ಒಂದೇ ಜಾಗದಲ್ಲಿ ಎರಡು ದಿನಕ್ಕಿಂತ ಜಾಸ್ತಿ ಉಳಿಯಬೇಕಾದರೆ ಸಾಮಾನ್ಯವಾಗಿ ಮಾಲೀಕರನ್ನು ಕೇಳಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರ ತನಕ ಕಾಡಲ್ಲಿ, ಕಾಡಿನ ಪಕ್ಕದಲ್ಲಿ ಸಾಮಾನ್ಯವಾಗಿ ಬೆಂಕಿ ಹಾಕುವ ಹಾಗಿಲ್ಲ. ಬೆಟ್ಟಕ್ಕೆ ಹೋಗುವ ಮುಂಚೆ ಒಂಬತ್ತು ನಿಯಮಗಳಿವೆ, ಅವನ್ನು ಮಾತ್ರ ದಯವಿಟ್ಟು ಓದಿಕೊಳ್ಳಿ. ಕ್ವಿಕ್ ಲುನ್ಶ್ ಅನ್ನುವ ಚಾಕೊಲೇಟಿನ ಹೊದಿಕೆಯ ಒಳಗಡೆಯೂ ಅಚ್ಚು ಹಾಕಿರುತ್ತಾರೆ, ಅಷ್ಟು ಮನೆಮಾತು. ಅದರಲ್ಲಿ ಒಂದು, ಹೊತ್ತು ಮೀರುವ ಮುಂಚೆ ಹಿಂದಿರುಗು, ವಾಪಸಾಗುವುದರಲ್ಲಿ ಅವಮಾನ ಇಲ್ಲ ಅನ್ನುವುದು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೋಗಿ ತುದಿ ಮುಟ್ಟಿ ಫೋಟೋ ತೆಗೆಯದೆ ಬರುವುದೇ ಇಲ್ಲ ಅಂತಿದ್ದ ನನಗೆ ಇದು ತಲೆಗೆ ಹೋಗಲು ಎರಡು ವರ್ಷ ಬೇಕಾಯಿತು.

ಇದು ಎಲ್ಲರಿಗೂ ಹಿಡಿಸುವ ಸೇವೆ ಅಲ್ಲ. ದಿನಾ ಬಿಸಿನೀರಿನ ಸ್ನಾನ ಬೇಕೇ ಬೇಕು ಅನ್ನುವವರು ಸಿಬ್ಬಂದಿ ಇರುವ ಮನೆಗಳಿಗೇ ಹೋಗಿ, ಖರ್ಚು ಜಾಸ್ತಿ, ಆದರೆ ಬೆಟ್ಟ ಅದೇ. ಕೋಣೆಯಲ್ಲಿ ಗೊತ್ತಿಲ್ಲದವರ ಜೊತೆ ಮಲಗಬೇಕಾಗುತ್ತದೆ, ಹೆಂಗಸರು, ಗಂಡಸರು ಅಂತ ಬೇರೆ ಮಾಡಿರುವುದಿಲ್ಲ, ನನ್ನ ಹೆಂಡತಿಗೆ ಮೊದಲ ಸಲ ಇರುಸುಮುರುಸಾಯಿತು. ಹೊದಿಕೆ, ದಿಂಬು ಅಲ್ಲೇ ಇರುತ್ತದೆ, ಆದರೆ ಒಳಗೆ ತೂರಿಕೊಳ್ಳುವ ಬಟ್ಟೆಚೀಲ, ಲಾಕನ್‌ಪೂಸೆ, ನಮ್ಮದೇ ಇರಬೇಕು. ಎರಡು ಬೆಡ್‌ಶೀಟ್ ಸೇರಿಸಿ ಹೊಲಿದುಕೊಂಡರೂ ನಡೆಯುತ್ತದೆ, ನಾನು ಮಾಡಿದ್ದು ಅದೇ. ಬಸ್ಸು, ದೋಣಿ ಎಲ್ಲ ಬೇಸಿಗೆಯ ಕೆಲವೇ ತಿಂಗಳು, ಮೊದಲೇ ನೋಡಿಕೊಳ್ಳಿ. ವರ್ಷದ ಚಂದಾ ಓಸ್ಲೋದಲ್ಲಿ ನಾಲ್ಕು ಜನ ಒಂದು ಸಲ ಹೋಟೆಲಿನಲ್ಲಿ ಉಂಡಷ್ಟೂ ಆಗುವುದಿಲ್ಲ. ವರ್ಷಕ್ಕೆ ನಾಲ್ಕೈದು ರಾತ್ರಿ ಹೋದರೆ ಸದಸ್ಯರಿಗಿರುವ ರಿಯಾಯಿತಿಯಲ್ಲಿ ನಮಗಂತೂ ಅದು ವಾಪಸ್ ಬಂದಿದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಡಿಮೆಯಾದ ಆ ಅರ್ಧ, ಊಲಾವ್ಸ್‌ಬುವಿನಲ್ಲಿ ಎದುರು ಮಂಚದಲ್ಲಿ ಮಲಗಿದ್ದ ಪುಣ್ಯಾತ್ಮನ ಗೊರಕೆಗೆ.