ಮೈಸೂರಿನಿಂದ ಬೆಂಗಳೂರಿಗೆ ಒಂದೇ ದಿನ ಹೋಗಿ ಬರೋಕೆ ಯಾವುದು ಅಗ್ಗ: ರೈಲಾ, ಬಸ್ಸಾ, ಕಾರಾ?

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆ ಮೈಸೂರು ಬಿಟ್ಟು, ಬೆಂಗಳೂರಿನಲ್ಲಿ ಕೆಲಸ ಮುಗಿಸಿ, ರಾತ್ರಿ ಮಲಗೋ ಹೊತ್ತಿಗೆ ಮನೆ ಸೇರಬೇಕು, ದುಡ್ಡೂ ಜಾಸ್ತಿ ಕೈಬಿಡಬಾರದು ಅಂದರೆ ಹೋಗುವಾಗ ರೈಲು, ಬರುವಾಗ ಬಸ್ಸು. ಎಲ್ಲ ಥರದಲ್ಲೂ ಓಡಾಡಿ ನೋಡಿದ ಮೇಲೆ ನನಗೆ ಸರಿ ಅನಿಸಿದ್ದು ಇದೇ.

ಆಸ್ಪತ್ರೆ, ಪರೀಕ್ಷೆ, ಸರ್ಕಾರಿ ಕಚೇರಿ, ನೆಂಟರ ಮದುವೆ, ಏನಾದರೊಂದು ಕಾರಣಕ್ಕೆ ರಾಜಧಾನಿಗೆ ಹೋಗಲೇಬೇಕಾಗುತ್ತದೆ. ಒಬ್ಬನೇ ಹೋಗಿದ್ದೇನೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೇನೆ, ಗೆಳೆಯರ ಕಾರಿನಲ್ಲೂ ಬೈಕಿನಲ್ಲೂ ಹೋಗಿದ್ದೇನೆ. ಯಾವುದು ಅಗ್ಗ ಅಂತ ಬರೀ ಟಿಕೆಟ್ ದರ ನೋಡಿ ಹೇಳೋಕೆ ಆಗಲ್ಲ. ಬೆಂಗಳೂರಿನಲ್ಲಿ ಎಲ್ಲಿ ಇಳಿಸುತ್ತದೆ, ಅಲ್ಲಿಂದ ಮುಂದಕ್ಕೆ ಎಷ್ಟು ಖರ್ಚು, ಕೆಲಸ ತಡವಾದರೆ ವಾಪಸ್ ಬರೋಕೆ ಏನು ದಾರಿ, ಇಷ್ಟೂ ಸೇರಿಸಿ ಲೆಕ್ಕ ಹಾಕಬೇಕು.

ಮೊದಲು ರೈಲು. ಮೈಸೂರಿನವರ ಬೆಳಗಿನ ರೈಲು ಅಂದರೆ ಚಾಮುಂಡಿ ಎಕ್ಸ್‌ಪ್ರೆಸ್. ಏಳಕ್ಕೆ ಸ್ವಲ್ಪ ಮೊದಲು ಹೊರಟು ಒಂಬತ್ತೂವರೆ ಆಸುಪಾಸಿಗೆ ಬೆಂಗಳೂರು ಮುಟ್ಟಿಸುತ್ತದೆ. ದೂರ ಹತ್ತಿರ ಹತ್ತಿರ 140 ಕಿಲೋಮೀಟರ್. ಕಾಯ್ದಿರಿಸದ ಬೋಗಿಗೆ ನೂರು ರೂಪಾಯಿ ಒಳಗೇ ಟಿಕೆಟ್. ಹೋಗಿ ಬರೋ ಖರ್ಚು ಇನ್ನೂರು ದಾಟುವುದಿಲ್ಲ. ಇದಕ್ಕಿಂತ ಅಗ್ಗದ ರೈಲು ಬೇಕಾದರೆ ಮೆಮು ಪ್ಯಾಸೆಂಜರ್ ಇದೆ, ದರ ಇದರ ಅರ್ಧದಷ್ಟು, ಆದರೆ ನಾಗನಹಳ್ಳಿ, ಪಾಂಡವಪುರ, ಯಲಿಯೂರು ಅಂತ ಎಲ್ಲ ಕಡೆ ನಿಂತು ನಿಂತು ಹೋಗುತ್ತದೆ. ಒಂದೇ ದಿನದಲ್ಲಿ ವಾಪಸ್ ಬರೋರಿಗೆ ಆ ಮೂವತ್ತು ರೂಪಾಯಿ ಉಳಿಸೋಕೆ ಹೋಗಿ ಬೆಳಗಿನ ಹೊತ್ತು ಕಳೆದುಕೊಳ್ಳೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಟಿಕೆಟ್‌ಗೆ ಕೌಂಟರ್ ಸಾಲಿನಲ್ಲಿ ನಿಲ್ಲಲೇಬೇಡಿ. ರೈಲ್ವೆಯವರದೇ ರೈಲ್‌ಒನ್ ಆ್ಯಪ್‌ನಲ್ಲಿ ಕಾಯ್ದಿರಿಸದ ಟಿಕೆಟ್ ಸಿಗುತ್ತದೆ. ಮನೆಯಿಂದ ಹೊರಡುವಾಗಲೇ ತೆಗೆದುಕೊಂಡರೆ ಒಳ್ಳೆಯದು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಎಕ್ಸ್‌ಪ್ರೆಸ್ ಟಿಕೆಟ್ ಹಿಡಿದುಕೊಂಡು ಸೂಪರ್‌ಫಾಸ್ಟ್ ರೈಲು ಹತ್ತುವ ಹಾಗಿಲ್ಲ, ಅದಕ್ಕೆ ಬೇರೆ ಶುಲ್ಕ ಇದೆ. ಮಧ್ಯಾಹ್ನ ಮೂರರ ಸುಮಾರಿಗೆ ಬೆಂಗಳೂರು ಬಿಡುವ ಒಡೆಯರ್ ಎಕ್ಸ್‌ಪ್ರೆಸ್, ಅದೇ 2022ರವರೆಗೆ ಟಿಪ್ಪು ಎಕ್ಸ್‌ಪ್ರೆಸ್ ಆಗಿತ್ತಲ್ಲ, ಅದು ಸೂಪರ್‌ಫಾಸ್ಟ್. ಟಿಕೆಟ್ ತೆಗೆಯುವಾಗ ಆ್ಯಪ್‌ನಲ್ಲಿ ರೈಲಿನ ವರ್ಗ ನೋಡಿಕೊಂಡು ಆರಿಸಿ. ಹದಿನೈದು ರೂಪಾಯಿ ವ್ಯತ್ಯಾಸಕ್ಕೆ ದಂಡ ಕಟ್ಟೋದು ಬೇಡ.

ಮೈಸೂರಿನಲ್ಲೇ ಹತ್ತುವವರಿಗೆ ಅರ್ಧ ಗಂಟೆ ಮೊದಲು ಹೋದರೆ ಸೀಟು ಸಿಗುತ್ತದೆ. ಖಾಲಿ ಸೀಟು ಕಂಡರೂ ಮೇಲೆ ಕರ್ಚೀಫೋ, ದಿನಪತ್ರಿಕೆಯೋ ಇದೆಯಾ ನೋಡಿ. ದಿನಾ ಓಡಾಡುವ ಪಾಸಿನವರು ಜೊತೆಯವರಿಗೆ ಹಿಡಿದಿಟ್ಟಿರುತ್ತಾರೆ. 150 ಕಿಲೋಮೀಟರ್‌ವರೆಗೆ ಮಾಸಿಕ ಪಾಸ್ ಸಿಗುವುದರಿಂದ ಮೈಸೂರು–ಬೆಂಗಳೂರು ಅದರೊಳಗೇ ಬರುತ್ತದೆ, ಹಾಗಾಗಿ ಈ ರೈಲಿನಲ್ಲಿ ಪಾಸಿನವರದೇ ಒಂದು ಊರು. ಕೇಳಿದರೆ ಸರಿದು ಜಾಗ ಕೊಡುತ್ತಾರೆ, ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂರುವುದು ಇಲ್ಲಿ ಮಾಮೂಲು. ಮಂಡ್ಯದಲ್ಲಿ ನೂಕುನುಗ್ಗಲು ಶುರು. ಮದ್ದೂರು ಬಂದಾಗ ವಡೆಯವರು ಬುಟ್ಟಿ ತಲೆ ಮೇಲೆತ್ತಿಕೊಂಡು ಆ ಜನದ ಮಧ್ಯೆಯೇ ನುಸುಳಿಕೊಂಡು ಬರುತ್ತಾರೆ. ಪೇಪರಿನಲ್ಲಿ ಸುತ್ತಿದ ವಡೆ ಕೈಗೆ ಬಂದಾಗ ಎಣ್ಣೆ ಆಗಲೇ ಪೇಪರಿಗೆ ಇಳಿದಿರುತ್ತದೆ, ಈರುಳ್ಳಿ ಅಂಚಿನಲ್ಲಿ ಕೆಂಪಗೆ ಗರಿಗರಿ. ಬೆಳಗಿನ ತಿಂಡಿ ಅಲ್ಲೇ ಮುಗಿಯಿತು ಅನ್ನಿ, ಬೆಂಗಳೂರಿನಲ್ಲಿ ಹೋಟೆಲಿಗೆ ಹೋಗೋ ಖರ್ಚೂ ಇಲ್ಲ.

ನಿಂತುಕೊಂಡು ಹೋಗೋಕೆ ಆಗದವರು ಮೊದಲೇ ಸೆಕೆಂಡ್ ಸಿಟ್ಟಿಂಗ್ ಕಾಯ್ದಿರಿಸಿಕೊಳ್ಳಿ. ಸ್ವಲ್ಪ ಜಾಸ್ತಿ ಆಗುತ್ತದೆ ಅಷ್ಟೇ. ಅಪ್ಪ ಅಮ್ಮ ಜೊತೆಗಿದ್ದರೆ ನಾನು ಅದನ್ನೇ ಮಾಡುತ್ತೇನೆ, ಯಾಕೆಂದರೆ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ರೈಲಿನಲ್ಲಿ ಶೌಚಾಲಯ ಇರುವುದೇ ದೊಡ್ಡ ಸಮಾಧಾನ. ಹಿರಿಯ ನಾಗರಿಕರ ರಿಯಾಯಿತಿಯನ್ನು ಮಾತ್ರ ರೈಲ್ವೆ 2020ರಲ್ಲಿ ನಿಲ್ಲಿಸಿತು. ಅದು ಮತ್ತೆ ಬರಬೇಕು ಅನ್ನೋದು ನನ್ನ ಆಸೆ, ಪಿಂಚಣಿಯಲ್ಲಿ ಬದುಕುವವರಿಗೆ ಸಣ್ಣ ಮೊತ್ತವೂ ಲೆಕ್ಕಕ್ಕೆ ಬರುತ್ತದೆ.

ವಂದೇ ಭಾರತ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಳಗ್ಗೆ ಆರಕ್ಕೆ ಮೈಸೂರು ಬಿಟ್ಟು ಎಂಟರೊಳಗೆ ಬೆಂಗಳೂರು ಸೇರಿಸುವ ಒಂದು ವಂದೇ ಭಾರತ್ 2024ರಲ್ಲಿ ಶುರುವಾಯಿತು, ವಾರದಲ್ಲಿ ಒಂದು ದಿನ ಇರುವುದಿಲ್ಲ. ಗಾಡಿ ಚೆನ್ನಾಗಿದೆ, ಸಮಯಕ್ಕೆ ಅನುಕೂಲ. ಆದರೆ ಒಂದು ಕಡೆಗೇ ಐನೂರರ ಆಸುಪಾಸು ಕೊಡಬೇಕು. ಒಂಬತ್ತಕ್ಕೆ ಸಂದರ್ಶನ ಇದೆ, ಶರ್ಟ್ ಮುದುಡಬಾರದು ಅನ್ನೋರಿಗೆ ಸರಿ. ಅಗ್ಗ ಹುಡುಕುವವರ ಪಟ್ಟಿಗೆ ಅದು ಬರಲ್ಲ.

ಇನ್ನು ಬಸ್ಸು. ಬಸ್ಸಿನ ದೊಡ್ಡ ಗುಣ ಒಂದೇ: ಕಾಯಬೇಕಾಗಿಲ್ಲ. ಸಬರ್ಬನ್ ಬಸ್ ಸ್ಟ್ಯಾಂಡಿಗೆ ಯಾವಾಗ ಹೋದರೂ ಬೆಂಗಳೂರಿಗೆ ಒಂದು ಬಸ್ಸು ನಿಂತಿರುತ್ತದೆ, ನಡುರಾತ್ರಿಯಲ್ಲೂ ಸಿಗುತ್ತದೆ. ಕೆಂಪು ಬಸ್ಸು ಅಂದರೆ ಕರ್ನಾಟಕ ಸಾರಿಗೆ, ಆಮೇಲೆ ರಾಜಹಂಸ, ಅದರ ಮೇಲೆ ಐರಾವತ. 2025ರ ಜನವರಿಯಲ್ಲಿ ದರ ಶೇ 15ರಷ್ಟು ಏರಿದ ಮೇಲೆ ಕೆಂಪು ಬಸ್ಸಿಗೆ ನೂರೈವತ್ತರಿಂದ ಇನ್ನೂರರ ನಡುವೆ ಆಗುತ್ತದೆ, ಐರಾವತಕ್ಕೆ ಅದರ ದುಪ್ಪಟ್ಟಿಗಿಂತ ಜಾಸ್ತಿ. ಎಕ್ಸ್‌ಪ್ರೆಸ್‌ವೇ ಟೋಲಿನ ಪಾಲೂ ಟಿಕೆಟ್‌ನಲ್ಲೇ ಸೇರಿರುತ್ತದೆ. ಅಂದರೆ ಗಂಡಸರಿಗೆ ಬಸ್ಸು ರೈಲಿನ ಎರಡರಷ್ಟು ದುಬಾರಿ.

ಹೆಂಗಸರಿಗೆ ಲೆಕ್ಕವೇ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಬೆಂಗಳೂರಿನ ಬಿಎಂಟಿಸಿ ಸಾಮಾನ್ಯ ಬಸ್ಸಿಗೂ ಅದೇ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಆ ಟಿಕೆಟ್ ಇಳಿಯುವವರೆಗೆ ಇಟ್ಟುಕೊಳ್ಳಬೇಕು, ಬೀಸಾಕಬಾರದು. ರಾಜಹಂಸ, ಐರಾವತಕ್ಕೆ ಇದು ಅನ್ವಯ ಆಗಲ್ಲ. ಸುಮ್ನೆ ಲೆಕ್ಕ ಹಾಕಿ ನೋಡಿ, ಮೈಸೂರಿನ ಒಬ್ಬ ಹೆಣ್ಣುಮಗಳು ಮನೆಯಿಂದ ಹೊರಟು ಬೆಂಗಳೂರಿನಲ್ಲಿ ನಾಲ್ಕು ಕಡೆ ಓಡಾಡಿ ವಾಪಸ್ ಬರೋವರೆಗೆ ಬಸ್ಸಿಗೆ ಒಂದು ರೂಪಾಯಿಯೂ ಖರ್ಚಾಗಲ್ಲ. ನಮ್ಮಮ್ಮ ಮೊದಲೆಲ್ಲ ಯಾರಾದರೂ ಕರೆದುಕೊಂಡು ಹೋಗಲಿ ಅಂತ ಕಾಯುತ್ತಿದ್ದರು, ಈಗ ತಂಗಿ ಮನೆಗೆ ತಾವೇ ಹೋಗಿ ಸಂಜೆ ವಾಪಸ್ ಬರುತ್ತಾರೆ. ಈ ಯೋಜನೆಯನ್ನು ಯಾರು ಏನೇ ಅನ್ನಲಿ, ನನಗೆ ಅದು ಕಣ್ಣೆದುರಿಗೆ ಕಾಣುವ ಬದಲಾವಣೆ.

ಅರವತ್ತು ದಾಟಿದ ಗಂಡಸರಿಗೆ ಬಸ್ಸಿನಲ್ಲಿ ಶೇ 25 ರಿಯಾಯಿತಿ ಇದೆ. ಹಾಗಾಗಿ ಅಪ್ಪ ಅಮ್ಮ ಇಬ್ಬರೇ ಹೋಗುವುದಾದರೆ ಕೆಂಪು ಬಸ್ಸೇ ಅಗ್ಗ. ಶನಿವಾರ ಭಾನುವಾರ, ಹಬ್ಬದ ಹಿಂದಿನ ದಿನ ಮಾತ್ರ ರಷ್ ಇರುತ್ತದೆ, ಅಂಥ ದಿನ ಬಸ್ಸು ಹೊರಡುವ ಜಾಗದಲ್ಲೇ ಹತ್ತಿ ಸೀಟು ಹಿಡಿಯಬೇಕು, ದಾರಿ ಮಧ್ಯೆ ಹತ್ತುವ ಆಸೆ ಇಟ್ಟುಕೊಳ್ಳಬಾರದು.

ದಶಪಥ, ಅಂದರೆ ಈ ಎಕ್ಸ್‌ಪ್ರೆಸ್‌ವೇ, ಆದ ಮೇಲೆ ತಡೆರಹಿತ ಬಸ್ಸು ರಾಮನಗರ, ಚನ್ನಪಟ್ಟಣ, ಮಂಡ್ಯ ಊರೊಳಗೆ ಹೋಗುವುದಿಲ್ಲ, ಬೈಪಾಸಿನಲ್ಲೇ ಓಡುತ್ತದೆ. ಕೆಂಗೇರಿವರೆಗೆ ರುಮ್ಮಂತ ಬಂದುಬಿಡುತ್ತೇವೆ. ಅಲ್ಲಿಂದ ಶುರು ನೋಡಿ ಕಷ್ಟ. ಬೆಳಗ್ಗೆ ಒಂಬತ್ತರ ಹೊತ್ತಿಗೆ ನಾಯಂಡಹಳ್ಳಿ ಜಂಕ್ಷನ್ ಹತ್ತಿರ ಬಸ್ಸು ಇಂಚಿಂಚೇ ಸರಿಯುತ್ತದೆ. ಮೈಸೂರಿನಿಂದ ಅಷ್ಟು ದೂರ ಬಂದ ಹೊತ್ತಿನ ಅರ್ಧದಷ್ಟು ಈ ಕೊನೆಯ ಹತ್ತು ಹನ್ನೆರಡು ಕಿಲೋಮೀಟರಿಗೇ ಹೋಗಿಬಿಡುವುದುಂಟು. ರೈಲಿಗೆ ಈ ಸಿಗ್ನಲ್ ಕಾಟ ಇಲ್ಲ, ಹಳಿ ಮೇಲೆ ನೇರ ಮೆಜೆಸ್ಟಿಕ್. ಹೋಗುವಾಗ ರೈಲು ಅನ್ನೋಕೆ ದರಕ್ಕಿಂತ ಇದೇ ದೊಡ್ಡ ಕಾರಣ. ಬಸ್ಸಿನಲ್ಲೇ ಬಂದಿದ್ದರೆ ಕೆಂಗೇರಿಯಲ್ಲಿ ನಿಲ್ಲಿಸುವ ಬಸ್ಸು ನೋಡಿಕೊಂಡು ಅಲ್ಲೇ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನವರೆಗೆ ಹೋದವರಿಗೆ ದೀಪಾಂಜಲಿನಗರ ಸ್ಟೇಷನ್ ಹತ್ತಿರ.

ಮೆಟ್ರೊದ್ದೇ ಒಂದು ಲೆಕ್ಕ ಇದೆ. 2025ರ ಫೆಬ್ರುವರಿಯಲ್ಲಿ ದರ ಏರಿಸಿದಾಗ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು. ಮೈಸೂರಿನಿಂದ ಬೆಂಗಳೂರಿಗೆ ರೈಲಿನ ಸಾಮಾನ್ಯ ಟಿಕೆಟ್‌ಗಿಂತ ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ ಮೆಟ್ರೊ ಜಾಸ್ತಿ! ಅರ್ಜೆಂಟ್ ಇದ್ದರೆ ಮೆಟ್ರೊ ಬಿಟ್ಟರೆ ಗತಿ ಇಲ್ಲ, ಸ್ಮಾರ್ಟ್ ಕಾರ್ಡ್ ಇದ್ದರೆ ಶೇ 5 ಉಳಿಯುತ್ತದೆ. ಎರಡು ಮೂರು ಕಡೆ ಓಡಾಡೋದಿದ್ದು ಹೊತ್ತು ಕೈಯಲ್ಲಿದ್ದರೆ ಬಿಎಂಟಿಸಿಯ 80 ರೂಪಾಯಿ ದಿನದ ಪಾಸ್ ತೆಗೆದುಕೊಳ್ಳಿ. ಮೆಜೆಸ್ಟಿಕ್‌ನಿಂದ ನಿಮ್ಹಾನ್ಸ್ ಕಡೆಗೆ, ಶಿವಾಜಿನಗರಕ್ಕೆ, ಎಲ್ಲಿಗೆ ಬೇಕಾದರೂ ಬಸ್ಸು. ನನ್ನ ಇಡೀ ದಿನದ ಖರ್ಚು, ರೈಲು, ಊರೊಳಗಿನ ಬಸ್ಸು, ವಾಪಸ್ ಕೆಂಪು ಬಸ್ಸು, ಮಧ್ಯಾಹ್ನ ದರ್ಶಿನಿಯಲ್ಲಿ ಊಟ ಎಲ್ಲಾ ಸೇರಿ ಐನೂರರೊಳಗೆ ಮುಗಿಯುತ್ತದೆ. ಆಟೊ ಹತ್ತಿದ ದಿನ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಸ್ವಂತ ಕಾರಿನ ವಿಷಯ. ಹೋಗಿ ಬರೋಕೆ ಇನ್ನೂರ ತೊಂಬತ್ತು ಕಿಲೋಮೀಟರ್ ಅಂದುಕೊಳ್ಳಿ, ಲೀಟರಿಗೆ ಹದಿನಾರು ಕೊಡುವ ಕಾರಿಗೆ ಹದಿನೆಂಟು ಲೀಟರ್ ಪೆಟ್ರೋಲ್ ಬೇಕು, ಅದೇ ಸಾವಿರದ ಎಂಟುನೂರು ದಾಟುತ್ತದೆ. ಮೇಲೆ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಒಂದು ಟೋಲ್, ಬಿಡದಿ ದಾಟಿದ ಮೇಲೆ ಇನ್ನೊಂದು. ಪದೇ ಪದೇ ಓಡಾಡುವವರಿಗೆ 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನಿಜಕ್ಕೂ ಲಾಭ. ಶುರುವಾದಾಗ 3,000 ರೂಪಾಯಿಗೆ 200 ಟ್ರಿಪ್ ಇತ್ತು, ಅಂದರೆ ಒಂದು ಗೇಟಿಗೆ 15 ರೂಪಾಯಿ. ಹೋಗಿ ಬರೋಕೆ ನಾಲ್ಕು ಗೇಟು, 60 ರೂಪಾಯಿ ಆಸುಪಾಸಿಗೆ ಟೋಲ್ ಮುಗಿಯಿತು. ನಾಲ್ಕು ಜನ ಇದ್ದರೆ ತಲೆಗೆ ಐನೂರರ ಆಸುಪಾಸು, ವಯಸ್ಸಾದವರನ್ನು ಆಸ್ಪತ್ರೆ ಬಾಗಿಲವರೆಗೆ ಬಿಡಬಹುದು, ತಪ್ಪೇನಿಲ್ಲ. ಒಬ್ಬರೇ ಕಾರು ತೆಗೆಯೋದು ದಂಡ. ಗಂಟೆಗೆ ನೂರು ಕಿಲೋಮೀಟರ್ ಮಿತಿ ದಾಟಬೇಡಿ, ದಾರಿಯುದ್ದಕ್ಕೂ ಕ್ಯಾಮೆರಾಗಳಿವೆ. ಉಳಿಸಿದ ದುಡ್ಡು ದಂಡಕ್ಕೆ ಹೋಗುತ್ತದೆ.

ಕಾರ್‌ಪೂಲ್ ಆ್ಯಪ್‌ಗಳಲ್ಲಿ ಸೀಟು ಹಿಡಿದು ಹೋಗುವುದೂ ಈಗ ಜಾಸ್ತಿಯಾಗಿದೆ. ಬಸ್ಸಿಗಿಂತ ದುಬಾರಿ, ಐರಾವತದ ಹತ್ತಿರ ಹತ್ತಿರ. ನೈಸ್ ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವವರು ಸಿಕ್ಕರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ, ಅದೊಂದೇ ಲಾಭ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆ ಲಾಭವೂ ಕಮ್ಮಿಯಾಯಿತು. ಈಗ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೋಗಿ ಅಲ್ಲಿ ಬದಲಾಯಿಸಿದರೆ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೊದಲ್ಲೇ ಹೋಗಬಹುದು. ಜೊತೆಗೆ ಕಾರ್‌ಪೂಲ್‌ನವರು ಕೊನೆ ಗಳಿಗೆಯಲ್ಲಿ ಬರಲ್ಲ ಅಂದರೆ ನಮ್ಮ ದಿನವೇ ಹಾಳು. ಆಸ್ಪತ್ರೆ, ಪರೀಕ್ಷೆ ಇರುವ ದಿನ ನಾನು ಇದನ್ನು ನೆಚ್ಚಿಕೊಳ್ಳಲ್ಲ.

ಬೈಕು ಇಬ್ಬರಿಗೆ ಅಗ್ಗ, ಆರು ಲೀಟರ್ ಪೆಟ್ರೋಲಿನಲ್ಲಿ ಹೋಗಿ ಬರಬಹುದು, ಟೋಲ್ ಇಲ್ಲ. ಆದರೆ 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ, ಊರುಗಳ ಒಳಗೆ ಹೋಗಬೇಕು, ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಒಂದಿಡೀ ದಿನ ಅಲೆದು ರಾತ್ರಿ ಕತ್ತಲಲ್ಲಿ ಮತ್ತೆ ಅಷ್ಟು ದೂರ ಓಡಿಸುವುದು ಯಾರಿಗೂ ಬೇಡ. ಉಳಿಯುವ ನೂರಿನ್ನೂರು ರೂಪಾಯಿಗೆ ಆ ಅಪಾಯ ಮೈಮೇಲೆ ಎಳೆದುಕೊಳ್ಳಬೇಡಿ.

ಬರುವಾಗ ಬಸ್ಸು ಯಾಕೆ ಅಂದರೆ, ಚಾಮುಂಡಿ ಸಂಜೆ ಆರು ದಾಟುತ್ತಲೇ ಬೆಂಗಳೂರು ಬಿಡುತ್ತದೆ, ನಮ್ಮ ಕೆಲಸ ಆ ಗಡಿಯಾರಕ್ಕೆ ಸರಿಯಾಗಿ ಮುಗಿಯಬೇಕಲ್ವಾ? ವೈದ್ಯರ ಸರದಿ ಬರೋದೇ ಐದಕ್ಕೆ, ಆಮೇಲೆ ಔಷಧಿ ಅಂಗಡಿ ಸಾಲು. ರೈಲು ಹಿಡಿಯೋ ಧಾವಂತದಲ್ಲಿ ಆಟೊಗೆ ಇನ್ನೂರೈವತ್ತು ಕೊಟ್ಟರೆ ಟಿಕೆಟ್‌ನಲ್ಲಿ ಉಳಿದದ್ದು ಅಲ್ಲೇ ಹೋಯಿತು. ಬಸ್ಸಾದರೆ ನಿಧಾನಕ್ಕೆ ಸ್ಯಾಟಲೈಟ್‌ಗೆ ಬಂದು, ಎಂಟಕ್ಕೋ ಒಂಬತ್ತಕ್ಕೋ ಹತ್ತಿ ಮಲಗಿಬಿಡಬಹುದು. ಐದರೊಳಗೇ ಕೆಲಸ ಮುಗಿದು ಮೆಜೆಸ್ಟಿಕ್ ಸುತ್ತಮುತ್ತಲೇ ಇದ್ದರೆ ಮಾತ್ರ ಚಾಮುಂಡಿಗೇ ಹೋಗಿ, ಪ್ಲಾಟ್‌ಫಾರ್ಮಿಗೆ ಬೇಗ ಹೋದಷ್ಟೂ ಸೀಟು ಗ್ಯಾರಂಟಿ.

ಒಂದೇ ಒಂದು ಸಂದರ್ಭದಲ್ಲಿ ನಾನು ಇದನ್ನು ತಿರುಗಿಸಿ ಮಾಡುತ್ತೇನೆ. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಗ್ಗೆ ಬೇಗ ಚೀಟಿ ಮಾಡಿಸಬೇಕಿದ್ದರೆ ಚಾಮುಂಡಿ ತಡವಾಗುತ್ತದೆ. ಆಗ ನಾಲ್ಕು ಗಂಟೆಯ ಕೆಂಪು ಬಸ್ಸು ಹತ್ತಬೇಕು. ಆ ಹೊತ್ತಿಗೆ ನಾಯಂಡಹಳ್ಳಿಯೂ ಖಾಲಿ ಇರುತ್ತದೆ, ಏಳರೊಳಗೆ ಮೆಜೆಸ್ಟಿಕ್. ಹಿಂದಿನ ರಾತ್ರಿಯೇ ಹಳೆಯ ರಿಪೋರ್ಟು, ಆಧಾರ್, ಬಿಪಿಎಲ್ ಕಾರ್ಡ್ ಒಂದು ಕವರಿಗೆ ಹಾಕಿ, ಬುತ್ತಿ ಕಟ್ಟಿಟ್ಟುಕೊಳ್ಳಿ.